ಬಳೆಗಾರ್ತಿ ಇನ್ನೂ ಕೋಟೆಯೊಳಗಿದ್ದಾಳೆ

ಮೊಮ್ಮಕ್ಕಳೇ, ದೊಡ್ಡವಳೇ, ಸಣ್ಣವನೇ, ಮನಸ್ಸಿನಲ್ಲಿರುವುದನ್ನು ಬಾಯಿಂದ ಹೇಳುವುದು ನಿಮ್ಮ ಆಯಿಗೆ ಆಗದ ಕೆಲಸ ಎಂದು ನಿಮಗೆ ಗೊತ್ತು. ಅದಕ್ಕೇ ನಮ್ಮ ಆಟದ ನೋಟುಬುಕ್ಕಿನ ಕೊನೆಯ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ.

ಆ ಆಟಕ್ಕೆ ನೀವು ಮೊದಲು ನನ್ನನ್ನು ಕರೆದದ್ದು ಆಡಲಿಕ್ಕಲ್ಲ, ಬರೆಯಲಿಕ್ಕೆ. ದೊಡ್ಡವಳು ಅದನ್ನು ಕಾಲೇಜಿನಲ್ಲಿ ಕಲಿತು ಬಂದಿದ್ದಳು. ಮೇಜಿನ ಸುತ್ತ ಕುಳಿತವರು ಒಂದೊಂದು ಪಾತ್ರವಾಗಬೇಕು, ಒಬ್ಬರು ಕಥೆ ನಡೆಸಬೇಕು. ಪಾತ್ರ ಮಾಡಹೊರಟ ಕೆಲಸ ಆಯಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ನಿಯಮಗಳೆಲ್ಲ ಇಂಗ್ಲಿಷಿನಲ್ಲಿ, ಅದೂ ಫೋನಿನಲ್ಲಿ. ದೊಡ್ಡವಳು ಕನ್ನಡದಲ್ಲಿ ಹೇಳುತ್ತಿದ್ದಳು, ನಾನು ದುಂಡಗೆ ಬರೆದುಕೊಳ್ಳುತ್ತಿದ್ದೆ. ಊರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತದ್ದರಲ್ಲಿ ನನಗೆ ಉಳಿದದ್ದು ಅಕ್ಷರವೊಂದೇ.

ಆಟ ಮಾಡಿದವರು ಎಲ್ಲೋ ಕುಳಿತು ಅದನ್ನು ತಿದ್ದುತ್ತಲೇ ಇರುತ್ತಾರೆ. ತಿದ್ದಿದಾಗಲೆಲ್ಲ ನಾನು ಮೈದಾ ಹಿಟ್ಟಿನ ಅಂಟು ಕಾಸಿ, ಹೊಸ ನಿಯಮವನ್ನು ಚೀಟಿಯಲ್ಲಿ ಬರೆದು ಹಳೆಯದರ ಮೇಲೆ ಅಂಟಿಸಬೇಕು.

“ಆಯಿ, ರೂಲ್ಸ್ ಮತ್ತ ಬದಲಾಗ್ಯಾವ. ಹಾವು ಕಡಿದ್ರ ವಿಷ ಏರೂದು ಈಗ ಎರಡನೇ ಸಲಕ್ಕಂತ, ಮೊದಲನೇ ಸಲಕ್ಕಲ್ಲಂತ,” ಎಂದಳು ದೊಡ್ಡವಳು.

“ಹಂಗಾದ್ರ ಹೋದ ವಾರ ಸತ್ತ ನನ್ನ ಕುದುರಿ ಏಳತೈತೇನು?” ಎಂದು ಸಣ್ಣವನು ಕೇಳಿದ.

“ಸತ್ತದ್ದು ಸತ್ತಂಗ. ಹಿಂದಿನದಕ್ಕ ಹೊಸ ರೂಲ್ ಬರೂದಿಲ್ಲ.”

“ಈ ಆಟ ಮಾಡಿದವ್ರ ಮನ್ಯಾಗ ಕುದುರಿ ಇಲ್ಲ ಬಿಡು!”

ಹೀಗೆ ಬರೆದು ಬರೆದು ನಿಮ್ಮಿಬ್ಬರಿಗಿಂತ ನಿಯಮಗಳು ನನಗೇ ಹೆಚ್ಚು ಗೊತ್ತಾದವು. ಕತ್ತಲಲ್ಲಿ ಬಾಣ ಬಿಟ್ಟರೆ ಎಷ್ಟು ಅಂಕ ಕಡಿಮೆ ಎಂದು ನೀವು ಜಗಳಾಡಿದರೆ, ನಾನು ಮಾತಿಲ್ಲದೆ ಆ ಸಾಲಿನ ಮೇಲೆ ಬೆರಳಿಡುತ್ತಿದ್ದೆ. ಆಗ ದೊಡ್ಡವಳು, “ಇಷ್ಟು ತಿಳಿದಾಕಿ ಬರೇ ಬರಕೊಂತ ಕೂಡೂದೇನು? ಒಂದು ಪಾತ್ರ ತಗೋ” ಎಂದಳು. ನಾನು ಬಳೆಗಾರ್ತಿಯಾದೆ. ಬಳೆಗಾರ್ತಿ ಒಬ್ಬಳೇ ಯಾವ ಊರಿಗಾದರೂ ಹೋಗಬಹುದು, ಯಾರ ಪಡಸಾಲೆಯಲ್ಲಾದರೂ ಕೂರಬಹುದು, ಏಕೆ ಬಂದೆ ಎಂದು ಯಾರೂ ಕೇಳುವುದಿಲ್ಲ.

ಅವಳ ಬಲವೆಲ್ಲ ಮಾತಿನಲ್ಲಿತ್ತು. ಮಾತಿಗೆ ಏಳು ಅಂಕ, ದಾಳದಲ್ಲಿ ಬಿದ್ದದ್ದಕ್ಕೆ ಅದನ್ನು ಸೇರಿಸಿಕೊಳ್ಳಬೇಕು. ನಾನು ಮಾತ್ರ ತುಟಿ ಬಿಚ್ಚಬೇಕಿರಲಿಲ್ಲ. ದಾಳ ಉರುಳಿಸಿದರೆ ಸಾಕು, ಸುಂಕದವನು ಒಪ್ಪುತ್ತಿದ್ದ, ದೋಣಿಯವನು ಹತ್ತಿಸಿಕೊಳ್ಳುತ್ತಿದ್ದ. ಅವಳು ಅವರಿಗೆ ಏನು ಹೇಳಿದಳೆಂದು ನನಗೇ ಗೊತ್ತಿರುತ್ತಿರಲಿಲ್ಲ.

ಒಂದು ಭಾನುವಾರ ಅವಳು ಕೋಟೆಯಲ್ಲಿ ಸಿಕ್ಕಿಬಿದ್ದಳು. ನಮ್ಮ ಮಾಳಿಗೆಯಿಂದ ಕಾಣುವ ಕೊಪ್ಪಳದ ಕೋಟೆಯಂಥದೇ ಕೋಟೆ, ಒಂದು ಕಲ್ಲಿನ ಕೋಣೆ, ಹೊರಗೊಬ್ಬ ಕಾವಲಿನವನು. ಮುಂದಿನ ವಾರಕ್ಕೆ ಸರಿಯಾಗಿ ಹೊಸ ನಿಯಮ ಬಂತು. ಇನ್ನು ಮೇಲೆ ಯಾರನ್ನಾದರೂ ಒಪ್ಪಿಸಬೇಕಾದರೆ ದಾಳ ಹಾಕುವ ಮೊದಲು, ಪಾತ್ರ ಆಡುವ ಮಾತನ್ನು ಆಡುವವರೇ ಬಾಯಿಬಿಟ್ಟು ಹೇಳಬೇಕು. ಅದನ್ನೂ ನಾನೇ ಬರೆದೆ.

ಎರಡು ಭಾನುವಾರ ನನ್ನ ಸರದಿ ಬಂದಾಗ ತಲೆ ತಗ್ಗಿಸಿ ಕುಳಿತೆ.

“ನನ್ನ ಸಿಪಾಯಿಗೆ ಕೋಟಿ ಹೊರಗ ಕಾದು ಕಾದು ಗಡ್ಡ ಬಂದಾವ ಆಯಿ!” ಎಂದ ಸಣ್ಣವನು.

ದೊಡ್ಡವಳು ಮೆತ್ತಗೆ, “ಬರೂ ವಾರನೂ ಆಗಲಿಲ್ಲಂದ್ರ ಬಳಿಗಾರ್ತಿನ್ನ ಅಲ್ಲೇ ಬಿಡೂಣ ಆಯಿ. ಮಾತಿಲ್ಲದ ಒಂದು ಪಾತ್ರ ಮಾಡಿಕೊಡತೀನಿ” ಎಂದಳು. ನನ್ನ ಮೇಲಿನ ಮಮತೆಗೇ ಹೇಳಿದ್ದು. ಆದರೆ ಅವಳನ್ನು ಅಲ್ಲೇ ಬಿಟ್ಟು ನಾನು ಎಲ್ಲಿಗೆ ಹೋಗಲಿ? ಇಷ್ಟು ವಯಸ್ಸಿನಲ್ಲಿ ನನಗೆ ಸಿಕ್ಕ ಒಂದೇ ತಿರುಗಾಟ ಅವಳದು. ವಾರವಿಡೀ ರೊಟ್ಟಿ ಬಡಿಯುವಾಗ, ಬಟ್ಟೆ ಒಣಹಾಕುವಾಗ, ಆ ಕಲ್ಲಿನ ಕೋಣೆಯಲ್ಲಿ ನಾನೇ ಇದ್ದೆ.

ಮೂರನೆಯ ಭಾನುವಾರ ಗಟ್ಟಿ ಮನಸ್ಸು ಮಾಡಿ ಬಾಯಿ ತೆರೆದೆ. ಬಂದ ಮಾತು ಇದು: “ತಮ್ಮಾ, ಅವರಿಗೆ ಹೇಳಪಾ, ಬಾಗಿಲಾ ತಗೀಬೇಕಂತ.”

ಸಣ್ಣವನು ಬಿದ್ದು ಬಿದ್ದು ನಕ್ಕ. “ನಾ ಕೋಟಿ ಹೊರಗದೀನಿ ಆಯಿ! ನಿನಗ ಹೆಂಗ ಕಂಡೆ?”

“ನೇರ ಕಾವಲಿನವಗ ಹೇಳಬೇಕಾಯಿ. ಅದ ರೂಲ್,” ಎಂದಳು ದೊಡ್ಡವಳು.

ನೀವು ನಕ್ಕಿದ್ದರಲ್ಲಿ ತಪ್ಪಿಲ್ಲ. ನಾನು ಸೊಸೆಯಾಗಿ ತಳಕಲ್ ಊರಿಗೆ ಹೋದಾಗ ಮಾವನವರ ಮುಂದೆ ನಿಂತು ನೇರ ಮಾತಾಡುವಂತಿರಲಿಲ್ಲ. ಕದದ ಹಿಂದೆ ನಿಂತು ಯಾವುದಾದರೂ ಮಗುವಿಗೆ ಹೇಳಬೇಕು, ‘ಊಟಕ್ಕೆ ಏಳಬೇಕಂತ ಹೇಳು’ ಎಂದು. ಮಗು ಇಲ್ಲದಿದ್ದರೆ ಕದಕ್ಕೇ ಹೇಳುತ್ತಿದ್ದೆವು. ಅವರು ಕೇಳಿಸಿಕೊಂಡು, ಅವರೂ ಕದಕ್ಕೇ ಉತ್ತರ ಕೊಡುತ್ತಿದ್ದರು.

ಒಮ್ಮೆ ಮರಳಿಯಿಂದ, ನನ್ನ ತವರಿನಿಂದ, ಅವ್ವ ಜ್ವರದಲ್ಲಿ ಮಲಗಿದ್ದಾಳೆ, ನನ್ನ ಹೆಸರೇ ಹಿಡಿದು ಕನವರಿಸುತ್ತಾಳೆ ಎಂದು ಸುದ್ದಿ ಬಂತು. ನಾನು ಭಾವನವರ ಸಣ್ಣ ಮಗಳ ಕೈಯಲ್ಲಿ ಹೇಳಿಸಿದೆ. ಅವಳು ಹೇಳಿದ್ದು ಇಷ್ಟೇ: “ಚಿಗವ್ವ ಮರಳಿಗೆ ಹೋಗತಾಳಂತ.” ಜ್ವರದ ಮಾತು ಅವಳಿಗೆ ಮರೆತುಹೋಗಿತ್ತು. ಹೊಲದಲ್ಲಿ ಬಿತ್ತನೆ ನಡೆದಿತ್ತು. ಮಾವನವರು, “ಬಿತ್ತಿಗಿ ಮುಗೀಲಿ” ಎಂದರು. ಕದದ ಹಿಂದೆ ನಿಂತು ಕೇಳಿಸಿಕೊಂಡೆ. ಇನ್ನೊಂದು ಮಾತು ಸೇರಿಸಿದ್ದರೆ ಆಗುತ್ತಿತ್ತು, ಸೇರಿಸಲಿಲ್ಲ. ಹನ್ನೆರಡು ದಿನ ಬಿಟ್ಟು ಮರಳಿಯಲ್ಲಿ ಬಸ್ಸಿಳಿದಾಗ ಅವ್ವ ಎದ್ದು ಓಡಾಡುತ್ತಿದ್ದಳು. ಕಾಲಿಗೆ ನೀರು ಕೊಟ್ಟು, ನನ್ನ ಮುಖ ನೋಡದೆ, “ಈಗ ಬಿಟ್ರೇನವ್ವಾ?” ಎಂದಳು.

ಇದೆಲ್ಲ ನಿಮಗೆ ಗೊತ್ತಿರಲಿಲ್ಲ. ನೀವು ಕಾಯುತ್ತಿದ್ದಿರಿ. ನಾನು ಎದುರಿನ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಹೇಳಿದೆ:

“ಬಾಗಿಲಾ ತಗೀರಿ. ನಮ್ಮವ್ವಗ ಜ್ವರ ಬಂದೈತ್ರಿ. ಬರೇ ಜ್ವರಲ್ಲ, ನನ್ನ ಹೆಸರು ಹಿಡಿದು ಒದರತಾಳಂತ. ಬಿತ್ತಿಗಿ ನಾಳೆನೂ ಇರತೈತಿ. ನಾ ಇವತ್ತ ಹೋಗಬೇಕ್ರಿ.”

“ಕಾವಲಿನವಗ ಯಾಕ ರೀ ಹಚ್ಚತೀ ಆಯಿ?” ಎಂದು ಸಣ್ಣವನು ಶುರುಮಾಡಿ, ನನ್ನ ಮುಖ ನೋಡಿ ನೆಟ್ಟಗೆ ಕುಳಿತ. ದೊಡ್ಡವಳು ದಾಳವನ್ನು ನನ್ನ ಕಡೆ ಸರಿಸಿದಳು.

ಎರಡು ಬಿತ್ತು. ಏಳು ಸೇರಿಸಿ ಒಂಬತ್ತು. ಬಾಗಿಲು ತೆಗೆಯಲು ಹನ್ನೆರಡು ಬೇಕಿತ್ತು.

“ಆಕಿ ಸಿಕ್ಕಿದ್ದು ಹಳೇ ರೂಲ್ ಇದ್ದಾಗ,” ಎಂದಳು ದೊಡ್ಡವಳು ಅವಸರದಲ್ಲಿ. “ಹಳೇದರಂಗ ಇನ್ನೊಂದು ಸಲ ಬರೇ ದಾಳ ಹಾಕು ಆಯಿ. ನಡೀತೈತಿ.”

ನಾನು ಬೇಡವೆಂದು ತಲೆಯಾಡಿಸಿದೆ. ಯಾಕೆ ಎಂದು ನೀವಿಬ್ಬರೂ ಕೇಳಿದಿರಿ, ನಾನು ಹೇಳಲಿಲ್ಲ. ಈಗ ಬರೆಯುತ್ತೇನೆ. ಅಂದು ಕದದ ಮುಂದೆ ಬಂದು ನೇರ ಹೇಳಿದ್ದರೆ ಮಾವನವರು ಬಿಡುತ್ತಿದ್ದರು ಎಂದು ಇಷ್ಟು ವರ್ಷ ನನ್ನನ್ನು ನಾನೇ ಬೈದುಕೊಂಡಿದ್ದೇನೆ. ದಾಳ ನಿಂತಾಗ ಹೊಳೆಯಿತು: ಹೇಳಿದ್ದರೂ ಬಿಡುತ್ತಿರಲಿಲ್ಲವೇನೋ. ಅದು ಸಮಾಧಾನವೋ ಇನ್ನೂ ದೊಡ್ಡ ಬೀಗವೋ ನನಗೆ ಗೊತ್ತಿಲ್ಲ. ಆದರೆ ಅಷ್ಟು ಹೇಳಿದ ಮೇಲೆ ಮತ್ತೆ ಮೂಕಿಯಾಗಿ ಹೊರಗೆ ಬರಲು ಮನಸ್ಸು ಬರಲಿಲ್ಲ.

ಇನ್ನೊಮ್ಮೆ ಕೇಳಬೇಕಾದರೆ ಬೇರೆ ಮಾತು ಹೇಳಬೇಕೆಂದು ನಿಯಮದಲ್ಲಿದೆ. ನನಗೆ ಇನ್ನೂ ಹೊಳೆದಿಲ್ಲ. ಬಳೆಗಾರ್ತಿ ಒಳಗೇ ಇದ್ದಾಳೆ. ಅವಳು ಕಾವಲಿನವನಿಗೆ ಹೇಳಿದ ಮಾತನ್ನು ಅವಳ ಅಂಕಗಳನ್ನು ಬರೆದ ಹಾಳೆಯ ಕೆಳಗೆ ಹೇಳಿದಂತೆಯೇ ಬರೆದಿಟ್ಟಿದ್ದೇನೆ. ನಿಯಮಗಳು ಇನ್ನೂ ಎಷ್ಟೋ ಸಲ ಬದಲಾಗುತ್ತವೆ, ಅಂಟು ಕಲಸುವವರು ಮುಂದೆ ನೀವೇ. ಆ ಹಾಳೆಯ ಮೇಲೆ ಮಾತ್ರ ಏನನ್ನೂ ಅಂಟಿಸಬೇಡಿ. ಅದನ್ನೂ ಈ ಹಾಳೆಗಳನ್ನೂ ಹರಿಯದಂತೆ, ಗೆದ್ದಲು ಹತ್ತದಂತೆ, ಒಟ್ಟಿಗೆ ಜೋಪಾನವಾಗಿ ಇಟ್ಟುಕೊಳ್ಳಿ.