ಬಿಸಿಯೇರದ ಎಂಜಿನ್, ಆರದ ಸಿಟ್ಟು

2022ರ ಚಳಿಗಾಲದಲ್ಲಿ ನಾನು ಬೆಟಗೇರಿಯಲ್ಲಿ ಸ್ವಂತ ಗ್ಯಾರೇಜ್ ನಡೆಸುತ್ತಿದ್ದೆ. ಕಾರಿನ ಎಂಜಿನ್ ಬಿಚ್ಚಿ ಕಟ್ಟುವುದೇ ನನ್ನ ಮುಖ್ಯ ಕೆಲಸ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಯಾರದಾದರೂ ಗಾಡಿ ಹೊಗೆ ಉಗುಳತೊಡಗಿದರೆ ‘ಶಿವಪ್ಪ ಮಿಸ್ತ್ರಿ ಹತ್ತಿರ ಒಯ್ಯಿರಿ’ ಎನ್ನುವಷ್ಟು ಹೆಸರಿತ್ತು. ಆ ಹೆಸರಿಗೆ ಒಬ್ಬ ಮಸಿ ಬಳಿದ, ನಾನು ಅದನ್ನು ಅವನ ಕೈಯಿಂದಲೇ ಒರೆಸಿಸಿದೆ. ಕ್ಷಮಾಗುಣದ ಕಥೆ ಬೇಕಾದವರು ಬೇರೆ ಕಡೆ ಹುಡುಕಿಕೊಳ್ಳಬಹುದು.

ಮಸಿ ಬಳಿದವನ ಹೆಸರು ಮಲ್ಲೇಶಿ. ನಾವಿಬ್ಬರೂ ಒಬ್ಬರೇ ಉಸ್ತಾದರ ಕೈಕೆಳಗೆ ಪಾನಾ-ಸ್ಪ್ಯಾನರ್ ಹಿಡಿಯಲು ಕಲಿತವರು. ಆಮೇಲೆ ಅವನು ಮುಂಡರಗಿ ರಸ್ತೆಯಲ್ಲಿ ಗ್ಯಾರೇಜ್ ಹಾಕಿಕೊಂಡ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವನ ಗ್ಯಾರೇಜಿನ ಎದುರಿಗೇ ಚಹಾದ ಅಂಗಡಿ. ಅಲ್ಲಿ ಕುಳಿತು ಅವನು ಆಡಿದ ಮಾತು ಸಂಜೆಯೊಳಗೆ ಶಿರಹಟ್ಟಿ ಮುಟ್ಟುತ್ತಿತ್ತು.

ಆ ಡಿಸೆಂಬರಿನಲ್ಲಿ ಗುರುಶಾಂತಪ್ಪನವರು ನನ್ನ ಗ್ಯಾರೇಜಿಗೆ ಬಂದರು. ಅವರು ಬೆಟಗೇರಿಯ ಸೀರೆ ವ್ಯಾಪಾರಿ. ನೇಕಾರರಿಂದ ಸೀರೆ ಕೊಂಡು, ತಮ್ಮ ಕಾರಿನಲ್ಲೇ ಸುತ್ತಲಿನ ಊರುಗಳ ಅಂಗಡಿಗಳಿಗೆ ಮುಟ್ಟಿಸುವವರು. ಅವರ ಪೆಟ್ರೋಲ್ ಕಾರಿನ ಎಂಜಿನ್ನನ್ನು ಬೇಸಿಗೆಗೆ ಮುಂಚೆ ನಾನೇ ಕಟ್ಟಿಕೊಟ್ಟಿದ್ದೆ. ಈಗ ಮುಂಜಾನೆ ಹೊರಟರೆ ಅದು ಎಷ್ಟು ಹೊತ್ತಾದರೂ ಬಿಸಿಯಾಗುವುದಿಲ್ಲ ಎಂದರು. ಲಕ್ಷ್ಮೇಶ್ವರ ಮುಟ್ಟುವ ತನಕ ಟೆಂಪರೇಚರ್ ಮುಳ್ಳು ಕೆಳಗೇ ಮಲಗಿರುತ್ತದೆ. ಪೆಟ್ರೋಲ್ ಸಿಕ್ಕಾಪಟ್ಟೆ ಕುಡಿಯುತ್ತದೆ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಬಿಳಿ ಕೆನೆ.

ಆದರೆ ಅವರು ದುರಸ್ತಿಗೆ ಬಂದವರಲ್ಲ, ಸುದ್ದಿ ತಿಳಿಸಿ ಹೋಗಲು ಬಂದವರು.

“ಮಿಸ್ತ್ರಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಮಲ್ಲೇಶಿಗೆ ತೋರಿಸಿದ್ದೆ. ಡುಪ್ಲಿಕೇಟ್ ರಿಂಗ್ ಹಾಕ್ಯಾರ, ಹೆಡ್ ಗ್ಯಾಸ್ಕೆಟ್ ಹೋಗೈತಿ ಅಂದ. ಸೋಮವಾರ ಎಂಜಿನ್ ಇಳಸ್ತಾನಂತ.”

“ಮತ್ತೇನಂದ?”

ಅವರು ನನ್ನ ಮುಖ ನೋಡಲಿಲ್ಲ. “ಶಿವಪ್ಪಗ ಕಣ್ಣು ಮಂಜಾಗ್ಯಾವು, ಕೈ ನಡಗತಾವು, ಇನ್ನ ಮನ್ಯಾಗ ಕುಂಡ್ರಂತ ಹೇಳ್ರಿ ಅಂದ.”

ಲಕ್ಷ್ಮೇಶ್ವರದ ಬಾಡಿಗೆ ಗಾಡಿಗಳು ನನ್ನ ಕಡೆ ಬರುವುದು ಯಾಕೆ ನಿಂತಿತೆಂದು ನನಗೆ ಆಗ ತಿಳಿಯಿತು. ಕೆಲಸವಿಲ್ಲದೆ, ಗ್ಯಾರೇಜ್ ಮುಚ್ಚಿ ಹುಬ್ಬಳ್ಳಿಯ ಒಂದು ವರ್ಕ್‌ಶಾಪಿನಲ್ಲಿ ಕೂಲಿಗೆ ನಿಲ್ಲುವ ಮಾತು ಮನೆಯಲ್ಲಿ ಆಗಲೇ ನಡೆದಿತ್ತು. ಈ ಎಂಜಿನ್ ಒಮ್ಮೆ ಮಲ್ಲೇಶಿಯ ಕೈಯಲ್ಲಿ ಬಿಚ್ಚಿತೆಂದರೆ ಮುಗಿಯಿತು, ಅವನು ತೋರಿಸಿದ್ದೇ ಸಾಕ್ಷಿ. ಆಮೇಲೆ ನಾನು ತಲೆಕೆಳಗಾಗಿ ನಿಂತರೂ ಯಾರೂ ನಂಬುತ್ತಿರಲಿಲ್ಲ. ಸಿಟ್ಟು ನುಂಗಿಕೊಂಡು ಸಮಾಧಾನದಿಂದಲೇ ಕೇಳಿದೆ.

“ಸಾಹುಕಾರ್ರ, ಸೋಮವಾರದ ತನಕ ಗಾಡಿ ನನ್ನ ಹತ್ರ ಇರಲಿ. ತಪ್ಪು ನಂದ ಇತ್ತಂದ್ರ ನಾನಽ ಮಲ್ಲೇಶಿ ಹತ್ರ ಬಿಟ್ಟು ಬರ್ತೀನಿ.”

ಅವರು ಒಪ್ಪಿ ಕೀಲಿ ಕೊಟ್ಟರು.

ಮೊದಲು ಕಂಪ್ರೆಶನ್ ನೋಡಿದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಆ ಜಾಗದಲ್ಲಿ ಗೇಜ್ ಕೂಡಿಸಿ ಎಂಜಿನ್ ತಿರುಗಿಸಿದರೆ ಒಳಗಿನ ಒತ್ತಡ ತಿಳಿಯುತ್ತದೆ. ಆ ಒತ್ತಡ ಹಿಡಿದಿಡುವ ರಿಂಗ್ ಹೋಗಿದ್ದರೆ, ಗ್ಯಾಸ್ಕೆಟ್ ಒಡೆದಿದ್ದರೆ ಮುಳ್ಳು ಏರುವುದೇ ಇಲ್ಲ. ನಾಲ್ಕೂ ಸಿಲಿಂಡರಿನಲ್ಲಿ ಮುಳ್ಳು ಒಂದೇ ಕಡೆ ಬಂದು ನಿಂತಿತು. ನಾನು ಕಟ್ಟಿದ ಎಂಜಿನ್ ಗುಂಡುಕಲ್ಲಿನ ಹಾಗಿತ್ತು. ಆದರೆ ಪ್ಲಗ್ಗುಗಳು ಮಾತ್ರ ಕರ್ರಗೆ, ಆಯಿಲ್ ಮೂಸಿದರೆ ಪೆಟ್ರೋಲ್ ವಾಸನೆ. ಅಂದರೆ ಎಂಜಿನ್ನಿನ ಕಂಪ್ಯೂಟರು ಇದಿನ್ನೂ ತಣ್ಣಗಿದೆ ಎಂದು ತಿಳಿದು ಪೆಟ್ರೋಲ್ ಸುರಿಯುತ್ತಲೇ ಇದೆ. ಆ ಬಿಳಿ ಕೆನೆಯೂ ಅದೇ ಕಥೆ. ಎಂಜಿನ್ ಪೂರಾ ಬಿಸಿಯಾಗದಿದ್ದರೆ ಒಳಗಿನ ತೇವ ಆವಿಯಾಗಿ ಹೋಗದೆ ಆಯಿಲ್ ಜೊತೆ ಕಲೆತು ಕೆನೆಗಟ್ಟುತ್ತದೆ.

ಮರುದಿನ ಮುಂಜಾನೆ, ಎಂಜಿನ್ ಪೂರಾ ತಣ್ಣಗಿದ್ದಾಗ, ಚಾಲೂ ಮಾಡಿ ರೇಡಿಯೇಟರಿಗೆ ಹೋಗುವ ಮೇಲಿನ ಪೈಪಿನ ಮೇಲೆ ಕೈ ಇಟ್ಟು ನಿಂತೆ. ಆ ಪೈಪಿನ ಬುಡದಲ್ಲಿ ಥರ್ಮೋಸ್ಟಾಟ್ ಎಂಬ ಸಣ್ಣ ವಾಲ್ವ್ ಇರುತ್ತದೆ. ಎಂಜಿನ್ ಬಿಸಿಯಾಗುವ ತನಕ ಅದು ಬಾಗಿಲು ಮುಚ್ಚಿಕೊಂಡು ನೀರನ್ನು ಒಳಗೇ ತಿರುಗಿಸುತ್ತದೆ, ಬಿಸಿಯಾದ ಮೇಲೆ ತೆರೆದು ರೇಡಿಯೇಟರಿಗೆ ಬಿಡುತ್ತದೆ. ಹಾಗಾಗಿ ಪೈಪು ಬಹಳ ಹೊತ್ತು ತಣ್ಣಗಿದ್ದು, ಆಮೇಲೆ ಒಮ್ಮೆಲೇ ಸುಡಬೇಕು. ಇದು ಚಾಲೂ ಮಾಡಿದಾಗಿನಿಂದ ನಿಧಾನಕ್ಕೆ ಉಗುರುಬೆಚ್ಚಗಾಗುತ್ತ ಬಂತು. ಎಂಜಿನ್ನಿನ ಬಿಸಿ ಅಳೆದು ತೋರಿಸುವ ಸ್ಕ್ಯಾನರ್ ಹಚ್ಚಿ ಅಸುಂಡಿ ಕಡೆ ಓಡಿಸಿಕೊಂಡು ಬಂದೆ. ನಿಂತರೆ ಬಿಸಿ ಏರುತ್ತದೆ, ಗಾಳಿಗೆ ಓಡಿಸಿದರೆ ಇಳಿಯುತ್ತದೆ. ಬಾಗಿಲು ಮುಚ್ಚುತ್ತಲೇ ಇಲ್ಲ. ಒಂದೋ ವಾಲ್ವ್ ಸಿಕ್ಕಿಕೊಂಡಿದೆ, ಇಲ್ಲವೇ ಅಲ್ಲಿ ಇಲ್ಲವೇ ಇಲ್ಲ.

ಎಂಜಿನ್ ಕಟ್ಟುವಾಗ ಹೊಸ ಥರ್ಮೋಸ್ಟಾಟ್ ಹಾಕಿದವನು ನಾನೇ. ಗುರುಶಾಂತಪ್ಪನವರಿಗೆ ಫೋನ್ ಮಾಡಿದೆ.

“ನನ್ನ ಕಡಿಂದ ಒಯ್ದ ಮ್ಯಾಲೆ ನೀರಿನ ಪೈಪಿಗೆ ಯಾರರೆ ಕೈ ಹಚ್ಚ್ಯಾರೇನ್ರಿ?”

“ಬ್ಯಾಸಿಗ್ಯಾಗ ಮುಂಡರಗಿಗೆ ಹೊಂಟಾಗ ಕ್ಲಿಪ್ ಸಡಿಲಾಗಿ ನೀರು ಸೋರಿತ್ರಿ. ಮಲ್ಲೇಶಿ ಪೈಪ್ ಬಿಚ್ಚಿ ಹಾಕಿಕೊಟ್ಟ. ಇನ್ನ ಎಂದೂ ಹೀಟ್ ಆಗಂಗಿಲ್ಲ ಹೋಗ್ರಿ ಅಂದಿದ್ದ.”

ನಾನು ನಕ್ಕುಬಿಟ್ಟೆ. ನಮ್ಮ ಕಡೆ ಇದೊಂದು ರೂಢಿ. ಏಪ್ರಿಲ್ ಬಿಸಿಲಿಗೆ ಗಾಡಿ ಹೀಟ್ ಆಯಿತೆಂದು ಬಂದರೆ, ಮಿಸ್ತ್ರಿಗಳು ಗಿರಾಕಿಗೆ ಹೇಳದೆ ಥರ್ಮೋಸ್ಟಾಟನ್ನೇ ಕಿತ್ತು ಒಗೆಯುತ್ತಾರೆ. ನೀರಿಗೆ ಅಡ್ಡ ಯಾಕೆ ಎಂಬ ಲೆಕ್ಕ. ಹಳೇ ಜೀಪು, ಲಾರಿಗಳಲ್ಲಿ ಅದು ಹೇಗೋ ನಡೆದುಹೋಗುತ್ತಿತ್ತು. ಕಂಪ್ಯೂಟರ್ ನೋಡಿಕೊಳ್ಳುವ ಈಗಿನ ಎಂಜಿನ್ ಅದನ್ನು ತಡೆದುಕೊಳ್ಳುವುದಿಲ್ಲ. ಬೇಸಿಗೆಯಲ್ಲಿ ಯಾರ ಗಮನಕ್ಕೂ ಬರಲಿಲ್ಲ, ಚಳಿ ಬಂದದ್ದೇ ಬಣ್ಣ ಬಯಲಾಯಿತು. ತಾನೇ ಕಿತ್ತು, ರೋಗ ತಾನೇ ಹಚ್ಚಿ, ಹೆಸರು ನನ್ನದು ಕೆಡಿಸಿದ್ದ ಪುಣ್ಯಾತ್ಮ.

ಗುರುಶಾಂತಪ್ಪನವರಿಗೆ ಫೋನಿನಲ್ಲೇ ಎಲ್ಲ ಬಿಡಿಸಿ ಹೇಳಿದೆ. ಅವರು ಒಳ್ಳೆಯವರು. “ಹಂಗಾರ ಅಲ್ಲೇ ಒಂದು ಹೊಸಾದು ಹಾಕಿ ಮುಗಸ್ರಿ ಮಿಸ್ತ್ರಿ, ಯಾಕ ಬೇಕು ಜಗಳ,” ಎಂದರು.

“ಜಗಳ ಅಲ್ರಿ, ರಿಪೇರಿ. ಆದ್ರ ಇದನ್ನ ಬಿಚ್ಚೋ ಜಾಗಾ ಇದಲ್ಲ.”

ಸೋಮವಾರ ಹೊಸ ಥರ್ಮೋಸ್ಟಾಟ್ ಕಿಸೆಯಲ್ಲಿಟ್ಟುಕೊಂಡು, ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಲ್ಲೇಶಿಯ ಗ್ಯಾರೇಜಿನ ಮುಂದೆ ಕಾರು ನಿಲ್ಲಿಸಿದೆ. ಚಹಾದ ಅಂಗಡಿ ತುಂಬಿತ್ತು. ಇಂಥ ದಿನವೇ ನನಗೂ ಬೇಕಾಗಿತ್ತು. ಎಂಜಿನ್ ಆರಲಿ ಎಂದು ಒಂದು ಚಹಾ ಕುಡಿದು, ಬಾನೆಟ್ ಎತ್ತಿ ಅವನನ್ನು ಕರೆದೆ.

“ಮಲ್ಲೇಶಿ, ಎಂಜಿನ್ ಬಿಚ್ಚತೀನಿ ಅಂದಿಯಂತಲ್ಲಾ. ಮೊದಲ ಇದನ್ನ ಬಿಚ್ಚು.” ಪೈಪಿನ ಬುಡದ ಮೇಲೆ ಬೆರಳಿಟ್ಟೆ.

ಅವನ ಮುಖ ಅಲ್ಲೇ ಇಳಿಯಿತು. “ಅದರಾಗೇನೈತಿ?”

“ಏನೂ ಇಲ್ಲ. ಅದನ್ನ ತೋರಸು.”

ಅಂಗಡಿಯ ಬೆಂಚುಗಳಿಂದ ಜನ ಒಬ್ಬೊಬ್ಬರಾಗಿ ಎದ್ದು ಬಂದರು. ಇಲ್ಲ ಎನ್ನಲು ಅವನಿಗೆ ದಾರಿ ಉಳಿಯಲಿಲ್ಲ. ಬೋಲ್ಟ್ ಬಿಚ್ಚಿ ಮುಚ್ಚಳ ಎತ್ತಿದ. ಒಳಗೆ ಬರೀ ತೂತು. ನಾನು ಹೊಸ ಥರ್ಮೋಸ್ಟಾಟಿಗೆ ದಾರ ಕಟ್ಟಿ, ಚಹಾದವನ ಕುದಿಯುವ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟೆ. ಅದು ಮೆಲ್ಲಗೆ ಬಾಯಿ ತೆರೆಯಿತು, ಹೊರಗೆ ಎತ್ತಿದರೆ ಮುಚ್ಚಿಕೊಂಡಿತು. ಇಷ್ಟೇ ಇದರ ಕೆಲಸ, ಇದು ಇಲ್ಲದ್ದಕ್ಕೇ ಗಾಡಿ ಬಿಸಿಯಾಗುತ್ತಿಲ್ಲ ಎಂದು ಎಲ್ಲರಿಗೂ ಬಿಡಿಸಿ ಹೇಳಿದೆ.

“ನಮ್ಮ ಬಿಸಲಿಗೆ ಬ್ಯಾಡಂತ ಎಲ್ಲಾರೂ ತೆಗೀತಾರಪಾ,” ಎಂದ ಮಲ್ಲೇಶಿ. ದನಿಯಲ್ಲಿ ಕಸುವಿರಲಿಲ್ಲ.

ಅಂತೂರ ಬೆಂತೂರ ಊರಿನ ಬಾಡಿಗೆ ಕಾರಿನ ಡ್ರೈವರ್ ಒಬ್ಬ ಕೈಯಲ್ಲಿನ ಕಪ್ಪು ಕೆಳಗಿಟ್ಟ. “ಹೌದಲೇ ಮಲ್ಲೇಶಿ, ನನ್ನ ಗಾಡ್ಯಾಗ ಐತೋ, ಅದನ್ನೂ ಕಿತ್ತೀಯೋ?”

ಅವನ ಹಿಂದೆ ಇನ್ನೊಬ್ಬ ಕೇಳಿದ. ಆಮೇಲೆ ಮತ್ತೊಬ್ಬ. ಮಲ್ಲೇಶಿ ಬಿಚ್ಚಿದ ಬೋಲ್ಟನ್ನೇ ಅರಿವೆಯಿಂದ ಒರೆಸುತ್ತ ನಿಂತ. ನನಗೆ ಎಷ್ಟು ಖುಷಿಯಾಯಿತೆಂದರೆ, ಹಬ್ಬದ ಹೋಳಿಗೆಯೂ ಅಷ್ಟು ರುಚಿಸಿರಲಿಕ್ಕಿಲ್ಲ.

ಆದರೂ ಬಿಡಲಿಲ್ಲ. ಹೊಸ ಥರ್ಮೋಸ್ಟಾಟನ್ನು ಅವನ ಕೈಯಿಂದಲೇ ಹಾಕಿಸಿ, ನೀರು ತುಂಬಿಸಿ, ಗಾಡಿ ಚಾಲೂ ಮಾಡಿ, ಪೈಪಿನ ಮೇಲೆ ಅವನ ಕೈಯನ್ನೇ ಇಡಿಸಿದೆ. ಬಹಳ ಹೊತ್ತು ಪೈಪು ತಣ್ಣಗಿತ್ತು. ಎಂಜಿನ್ ಬಿಸಿಯೇರಿ, ಅದರ ಗುಡುಗುಡು ಇಳಿದು, ಒಂದೇ ಹದಕ್ಕೆ ಬಂದು ನಿಂತಿತು. ಆಗ ಒಮ್ಮೆಲೇ ‘ಹಾ’ ಎಂದು ಅವನು ಕೈ ಕೊಡವಿದ.

“ಸುಟ್ಟಿತೇನು?” ಎಂದೆ. “ಈಗ ಸಾಹುಕಾರ್ರಿಗೆ ಹೇಳು. ಎಂಜಿನ್ ಹೆಂಗೈತಿ?”

“ಚೊಲೋ ಐತ್ರಿ,” ಎಂದು ನೆಲ ನೋಡುತ್ತ ಹೇಳಿದ.

“ಕಟ್ಟಿದವನ ಕೈ?”

“ಅದೂ ಚೊಲೋ ಐತಿ.”

“ಜೋರಾಗಿ ಹೇಳೋ. ಎಂಜಿನ್ ಸಪ್ಪಳದಾಗ ಕೇಳಸವಲ್ದು.”

ಸಪ್ಪಳ ಎಲ್ಲಿತ್ತು? ಗಾಡಿ ಚಾಲೂ ಇದೆಯೆಂದು ತಿಳಿಯಲು ಬಾನೆಟ್ಟಿಗೆ ಕಿವಿ ಹಚ್ಚಬೇಕಿತ್ತು. ಮೊದಲು ನಕ್ಕವರು ಗುರುಶಾಂತಪ್ಪನವರು. ಆಮೇಲೆ ಇಡೀ ಅಂಗಡಿ ನಕ್ಕಿತು. ಆ ನಗುವಿನ ನಡುವೆ ಮಲ್ಲೇಶಿ ಇನ್ನೊಮ್ಮೆ, ಜೋರಾಗಿ ಹೇಳಿದ.

ಹುಬ್ಬಳ್ಳಿಯ ಮಾತು ಅಲ್ಲಿಗೆ ನಿಂತಿತು, ಲಕ್ಷ್ಮೇಶ್ವರದ ಗಾಡಿಗಳು ಮರಳಿ ಬಂದವು. ಅವನನ್ನು ಒಬ್ಬನನ್ನೇ ಕರೆದು ಹೇಳಬಹುದಿತ್ತಲ್ಲ ಎಂದು ಈಗಲೂ ಕೆಲವರು ಅನ್ನುತ್ತಾರೆ. ನನ್ನ ಕೈ ನಡುಗುತ್ತದೆ ಎನ್ನುವುದನ್ನು ಅವನು ನನ್ನೊಬ್ಬನನ್ನೇ ಕರೆದು ಹೇಳಿದ್ದನೇ? ಗಾಡಿ ಕೆಟ್ಟು ಬಂದಾಗ ಏನು ಕೆಟ್ಟಿದೆ ಎಂದು ಹುಡುಕುವ ಮೊದಲು ಏನು ಇಲ್ಲ ಎಂದು ನೋಡಬೇಕು. ಈ ಕೆಲಸ ನನಗೆ ಕಲಿಸಿದ ಪಾಠ ಅದು. ಆ ಇಲ್ಲದ್ದನ್ನು, ಅದನ್ನು ಕಿತ್ತವನ ಕೈಯಿಂದಲೇ ತೋರಿಸಬೇಕು ಎನ್ನುವುದನ್ನು ಮಾತ್ರ ನಾನೇ ಕಲಿತದ್ದು.