ಸೀಸದ ಚಾವಣಿಯ ಮೇಲೊಂದು ಪುಟ್ಟ ಬೂಟು

ನಾನು ಚರ್ಚಿಗೆ ಹೋದದ್ದು ಹುಲ್ಲು ಕತ್ತರಿಸುವ ಯಂತ್ರ ರಿಪೇರಿಗೆ, ಹೊರಗೆ ಬಂದದ್ದು ಅದರ ಉಸ್ತುವಾರಿ ನೋಡುವ ವಾರ್ಡನ್ ಆಗಿ. ನಮ್ಮ ಹಳ್ಳಿ ಸ್ಕೋಲ್ಬಿಯಲ್ಲಿ ಹುದ್ದೆಗಳು ಹೀಗೇ ಗಂಟು ಬೀಳುತ್ತವೆ. ವರ್ಷಕ್ಕೊಮ್ಮೆ ಸಂತ ಬೊಟಾಲ್ಫರ ಚರ್ಚಿನಲ್ಲಿ ಸಭೆ ಸೇರುತ್ತದೆ. ಎರಡನೆಯ ವಾರ್ಡನ್ ಯಾರಾಗುತ್ತೀರಿ ಎಂದು ಕೇಳಿದ ಕೂಡಲೇ ಇಡೀ ಸಭೆ ಉಸಿರು ಬಿಗಿಹಿಡಿಯುತ್ತದೆ. ಆಗ ಕೆಮ್ಮಿದವನು ಕೆಟ್ಟ. ನಾನು ಕೆಮ್ಮಲೂ ಇಲ್ಲ, ಕೈ ಒರೆಸಿಕೊಳ್ಳಲು ಒಂದು ಹಳೇ ಬಟ್ಟೆ ಇದೆಯಾ ಎಂದು ಬಾಗಿಲಲ್ಲಿ ನಿಂತು ಕೇಳಿದೆ ಅಷ್ಟೆ. ಹೆಸ್ಟರ್ ಆಡ್ಲಿಂಗ್ ಬಟ್ಟೆಯನ್ನೂ ಕೊಟ್ಟರು, ಹುದ್ದೆಯನ್ನೂ ಕೊಟ್ಟರು.

"ನಾನು ಭಾನುವಾರ ಈ ಕಡೆ ತಲೆ ಹಾಕೋನೇ ಅಲ್ವಲ್ಲ ಹೆಸ್ಟರ್," ಎಂದೆ.

"ಭಾನುವಾರ ಬರೋರು ಒಂದಷ್ಟು ಜನ ಇದಾರೆ ನೆವಿಲ್. ನನಗೆ ಬೇಕಾಗಿರೋದು ಸೋಮವಾರ ಏಣಿ ಹಿಡ್ಕೊಳ್ಳೋನು."

ಮೊದಲನೆಯ ವಾರ್ಡನ್ ಅವರೇ, ಖಜಾಂಚಿಯೂ ಅವರೇ. ಶಾಲೆಯ ಬಸ್ಸು ಓಡಿಸಿ ನಿವೃತ್ತರಾದವರು. ಊರಿನ ಅರ್ಧ ಜನ ಚಿಕ್ಕಂದಿನಲ್ಲಿ ಅವರ ಕೈಲಿ ಬೈಸಿಕೊಂಡವರೇ, ನಾನೂ ಸೇರಿ. ನಮ್ಮ ಪಾದ್ರಿಯಮ್ಮ ಜೋಸೆಲಿನ್‌ಗೆ ಏಳು ಊರುಗಳ ಏಳು ಚರ್ಚುಗಳು. ತಿಂಗಳಿಗೆ ಒಂದೋ ಎರಡೋ ಸಲ ಬಂದು, ಪ್ರಾರ್ಥನೆ ಮುಗಿಸಿ, ಕಾರಿನಲ್ಲೇ ಸ್ಯಾಂಡ್‌ವಿಚ್ ತಿನ್ನುತ್ತಾ ಮುಂದಿನ ಊರಿಗೆ ಓಡುತ್ತಾರೆ. ಉಳಿದ ದಿನಗಳಲ್ಲಿ ಆ ಕಟ್ಟಡ ಬೀಳದ ಹಾಗೆ ನೋಡಿಕೊಂಡದ್ದು ಹೆಸ್ಟರ್. ವಿಮೆ, ಹೀಟರ್, ಕಾಗೆಗಳು ಗೋಪುರಕ್ಕೆ ತುರುಕುವ ಕಡ್ಡಿಕಸ, ಬಾವಲಿಗಳ ಹಿಕ್ಕೆ, ಎಲ್ಲವೂ ಅವರ ತಲೆಯ ಮೇಲೆ. ಹನಿಗೂಡಿದರೆ ಹಳ್ಳ ಎಂಬ ಗಾದೆ ನಮ್ಮ ಚರ್ಚಿಗೆ ಎರಡು ರೀತಿಯಲ್ಲೂ ಒಪ್ಪುತ್ತಿತ್ತು. ಗಿಡ ಮಾರಿ, ಒಣಹಣ್ಣು ಹಾಕಿದ ಪ್ಲಮ್ ಬ್ರೆಡ್ ಮಾರಿ ಹೆಸ್ಟರ್ ಡಬ್ಬಿ ತುಂಬಿಸುತ್ತಿದ್ದರು, ಕಟ್ಟಡದ ಉತ್ತರದ ಪಕ್ಕದ ಚಾವಣಿ ಸೋರಿ ಸೋರಿ ಬಕೆಟ್ಟು ತುಂಬಿಸುತ್ತಿತ್ತು.

ಚರ್ಚಿನ ಕಾಸೆಂದರೆ ಅವರು ಯಾರ ಮುಖವನ್ನೂ ನೋಡುವವರಲ್ಲ. ಒಮ್ಮೆ ನಾನು ಮುರಿದ ಬೆಂಚಿನ ಹಲಗೆಯೊಂದನ್ನು ಮನೆಗೆ ಒಯ್ದಿದ್ದೆ.

"ಆ ಹಲಗೆ ಎಲ್ಲಿ?"

"ಮೊಲದ ಗೂಡಿಗೆ ಬಾಗಿಲಾಯ್ತು. ಹುಳ ತಿಂದಿತ್ತು ಹೆಸ್ಟರ್, ಒಲೆಗೆ ಹಾಕೋದೊಂದೇ ಬಾಕಿ."

"ಹುಳ ತಿಂದಿದ್ರೂ ಚರ್ಚಿಂದು. ಡಬ್ಬಿಗೆ ಎರಡು ಪೌಂಡ್ ಹಾಕು."

"ಮೊಲದ ಹತ್ರ ಕೇಳಿ."

"ಮೊಲದ ಹತ್ರ ಕಾಸಿಲ್ಲ, ನಿನ್ನ ಹತ್ರ ಇದೆ."

ಹಾಕಿದೆ, ಗೊಣಗುತ್ತಲೇ ಹಾಕಿದೆ. ಈ ಹೆಂಗಸಿಗೆ ಎದೆಯ ಜಾಗದಲ್ಲಿ ಬೀಗ ಹಾಕಿದ ಪೆಟ್ಟಿಗೆ ಇದೆ ಎಂದು ಹೆಂಡತಿಯ ಹತ್ತಿರ ಹೇಳಿಕೊಂಡೆ ಕೂಡ.

ಎಲೆ ಉದುರುವ ಕಾಲದಲ್ಲಿ ಚಾವಣಿಯ ಅಂಚಿನ ಮಳೆನೀರಿನ ದೋಣಿ ತೊಳೆಯಬೇಕು, ಇಲ್ಲದಿದ್ದರೆ ಎಲೆ ಕಟ್ಟಿಕೊಂಡು ನೀರು ಒಳಗೆ ಇಳಿಯುತ್ತದೆ. ಮೊದಲ ಸಲ ಅವರ ಹಿಂದೆ ಏಣಿ ಹತ್ತಿ ಮೇಲೆ ಕಾಲಿಟ್ಟಾಗ ನಾನು ಅಲ್ಲೇ ನಿಂತುಬಿಟ್ಟೆ. ಬೂದು ಸೀಸದ ತಗಡು ಹೊದಿಸಿದ ಆ ಇಳಿಜಾರಿನ ತುಂಬ ಬೂಟುಗಳು. ಹಿಂದಿನ ವಾರ್ಡನ್‌ಗಳು, ಸೀಸದ ಕೆಲಸದವರು, ಗಂಟೆ ಬಾರಿಸುವವರು ತಮ್ಮ ಕಾಲನ್ನು ಸೀಸದ ಮೇಲಿಟ್ಟು, ಸುತ್ತ ಮೊಳೆಯಿಂದ ಗೀರಿ, ಒಳಗೆ ಹೆಸರಿನ ಅಕ್ಷರ, ಇಸವಿ ಕೆತ್ತಿದ್ದರು. ಚೌಕ ಮೂತಿಯ ಬೂಟು, ಚೂಪು ಮೂತಿಯ ಬೂಟು, ಲಾಳ ಹೊಡೆದ ರೈತನ ಬೂಟು. ಕೆಳಗಿನ ಅಂಗಳದಲ್ಲಿ ಯಾರ ಗೋರಿಕಲ್ಲಿನ ಮೇಲೆ ಹೆಸರು ಸವೆದು ಹೋಗಿತ್ತೋ ಅವರ ಹೆಜ್ಜೆ ಇಲ್ಲಿ ನೆಟ್ಟಗೆ ಉಳಿದಿತ್ತು. ದೇವರ ವಿಷಯದಲ್ಲಿ ನಾನು ಅಷ್ಟಕ್ಕಷ್ಟೆ. ಆದರೂ ಅವತ್ತು ಮೈ ಜುಮ್ಮೆಂದಿತು. ಇಷ್ಟು ಜನ ನಮ್ಮ ತಲೆಯ ಮೇಲೆ ನಿಂತಿದ್ದಾರೆ, ನಾವು ಕೆಳಗೆ ಕೂತು ಹೀಟರ್ ಸರಿಯಿಲ್ಲ ಎಂದು ಜಗಳವಾಡುತ್ತೇವೆ.

"ಬಾಯಿ ಮುಚ್ಕೋ, ನೊಣ ಹೋಗುತ್ತೆ," ಎಂದರು ಹೆಸ್ಟರ್. "ಕಾಲಿಡು ಇಲ್ಲಿ. ವಾರ್ಡನ್ ಆದೋರೆಲ್ಲ ಇಡ್ಬೇಕು."

ನನ್ನ ಬೂಟಿನ ಸುತ್ತಲೂ ಅವರೇ ಮಂಡಿಯೂರಿ ಗೀರಿದರು. ಆಮೇಲೆ ನೀರು ಹೋಗುವ ಮೂಲೆಗೆ ಹೋಗಿ ಎಲೆ ಬಾಚುತ್ತಾ ಕೂತರು. ಎಲೆ ಮುಗಿದರೂ ಏಳಲಿಲ್ಲ. ಹೋಗಿ ನೋಡಿದರೆ ಅವರ ಅಂಗೈ ಒಂದು ಪುಟ್ಟ ಬೂಟಿನ ಗುರುತಿನ ಮೇಲಿತ್ತು. ಒಳಗೆ ಎ. ಎ., ಕೆಳಗೆ 1958.

"ನನ್ನ ತಮ್ಮ ಆಲ್ವಿನ್‌ದು," ಎಂದರು. "ಅಪ್ಪ ಆಗ ವಾರ್ಡನ್. ಇವನಿಗೆ ಏಳು ವರ್ಷ, ಹಟ ಮಾಡಿ ಮೇಲೆ ಬಂದ. ಅಪ್ಪ ಗೀರೋವಾಗ ಅಲ್ಲಾಡದ ಹಾಗೆ ನಾನು ಇವನ ಕಾಲು ಹಿಡ್ಕೊಂಡಿದ್ದೆ. ನಾನು ಹಿಡ್ಕೊಂಡಿದ್ದಕ್ಕೆ ಕಚಗುಳಿ ಆಗಿ ನಕ್ಕುಬಿಟ್ಟ. ಇಲ್ಲಿ ನೋಡು."

ಹೆಬ್ಬೆರಳಿನ ಹತ್ತಿರ ಗೆರೆ ಹೊರಕ್ಕೆ ಜಾರಿ, ಮತ್ತೆ ಒಳಕ್ಕೆ ಬಂದು ಸೇರಿತ್ತು. ಆ ಚಳಿಗಾಲದಲ್ಲೇ ಹುಡುಗ ಜ್ವರ ಬಂದು ತೀರಿಕೊಂಡನಂತೆ. ಹೆಸ್ಟರ್ ಆ ತಿರುವಿನ ಮೇಲೆ ಬೆರಳು ಆಡಿಸುತ್ತಿದ್ದರು. ಅಷ್ಟು ವರ್ಷ ಬಿಡದೆ ತಾವೇ ದೋಣಿ ತೊಳೆಯಲು ಹತ್ತುತ್ತಿದ್ದರಲ್ಲ, ಅದು ಬರೀ ಎಲೆಗಾಗಿ ಅಲ್ಲ ಎಂದು ನನಗೆ ಆಗ ತಿಳಿಯಿತು. ಪೆಟ್ಟಿಗೆಯ ಮಾತನ್ನು ಮತ್ತೆ ಆಡಲಿಲ್ಲ.

ಅದಾಗಿ ಕೆಲವು ವರ್ಷಕ್ಕೆ ಬಕೆಟ್ಟುಗಳು ಸಾಲದೆ ಹೋದವು. ಉತ್ತರದ ಪಕ್ಕದ ತೊಲೆಗಳು ಕೊಳೆಯುವ ಮೊದಲು ಏನಾದರೂ ಮಾಡದಿದ್ದರೆ ಚರ್ಚಿಗೆ ಬೀಗ ಬೀಳುವುದು ಖಂಡಿತ. ಸೀಸದ ಕೆಲಸದ ಲೆಗೆಟ್ ಬಂದು ಚಾವಣಿಯ ಮೇಲೆಲ್ಲ ಓಡಾಡಿ ಇಳಿದ.

"ಬಿಸಿಲಿಗೆ ಹಿಗ್ಗಿ, ಚಳಿಗೆ ಕುಗ್ಗಿ ಎಲ್ಲಾ ಸೀಳಿದೆ ಅಮ್ಮಾ. ತೇಪೆ ನಿಲ್ಲಲ್ಲ. ಪೂರ್ತಿ ಬಿಚ್ಚಿ, ಕರಗಿಸಿ, ಹೊಸದಾಗಿ ಎರಕ ಹೊಯ್ದು ಹಾಕ್ಬೇಕು. ನಿಮ್ಮ ಸೀಸಾನೇ ನಿಮಗೆ ವಾಪಸ್ಸು ಬರುತ್ತೆ, ಅದಕ್ಕೇ ಖರ್ಚು ಇಷ್ಟರಲ್ಲಿ ಮುಗೀತಿದೆ. ಹೊಸ ಸೀಸ ಕೊಳ್ಳೋದಾದ್ರೆ ನಿಮ್ಮೂರನ್ನೇ ಮಾರ್ಬೇಕು."

"ಮಾರಿದ್ರೂ ಯಾರೂ ತಗೊಳಲ್ಲ," ಎಂದರು ಹೆಸ್ಟರ್. ಚಾವಣಿಯ ಕಡೆ ನೋಡಿ, "ಮೇಲಿರೋ ಗುರುತುಗಳು?" ಎಂದು ಕೇಳಿದರು.

"ಸೀಸ ಕರಗಿದ್ರೆ ಗುರುತೂ ಕರಗುತ್ತೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಹಾಗೆ ದಾನಿಗಳು ಅರ್ಧ ಹಣ ಕೊಡಲು ಒಪ್ಪಿದ ಮೇಲೂ ಚರ್ಚುಗಳ ಮೇಲಿನ ಕಚೇರಿಯ ಅಪ್ಪಣೆ ಬರಲು ಒಂದು ಚಳಿಗಾಲ ಕಳೆಯಿತು. ಉಳಿದ ಅರ್ಧಕ್ಕೆ ಊರು ಗಿಡ ಮಾರಿತು, ಜ್ಯಾಮ್ ಮಾರಿತು, ನಾನು ಕೂಡ ನನ್ನ ಹಳೆಯ ಟ್ರ್ಯಾಕ್ಟರಿನಲ್ಲಿ ಮಕ್ಕಳನ್ನು ಕೂರಿಸಿ ಸುತ್ತು ಹಾಕಿಸಿದೆ. ಅಪ್ಪಣೆಯ ಜೊತೆಗೆ ಒಂದು ಸಲಹೆಯೂ ಬಂತು. ಎಲ್ಲ ಹೆಜ್ಜೆಗಳ ಫೋಟೋ ತೆಗೆದಿಡಿ, ಮುಖ್ಯವಾದ ತಗಡುಗಳನ್ನು ಕರಗಿಸದೆ ಗೋಡೆಗೆ ಹಾಕಿ ಅಂತ. ಆದರೆ ಉಳಿಸಿಕೊಂಡ ಪ್ರತಿ ತಗಡಿನ ಬದಲಿಗೆ ಹೊಸ ಸೀಸ ಕೊಳ್ಳಬೇಕು. ನಮ್ಮ ಡಬ್ಬಿಯಲ್ಲಿದ್ದದ್ದು ಒಂದೇ ಒಂದು ತಗಡಿಗಾಗುವಷ್ಟು.

ಯಾವುದನ್ನು ಉಳಿಸುವುದು ಎಂದು ಕೂತು ಮಾತಾಡಿದೆವು. ಎಲ್ಲಕ್ಕಿಂತ ಹಳೆಯದು ಚೌಕ ಮೂತಿಯದು, 1741, ಯಾರದೆಂದು ಗೊತ್ತಿಲ್ಲ. ಪ್ಲಮ್ ಬ್ರೆಡ್ ಮಾಡಿಕೊಡುವ ಡಾಟ್ ಕಪಲ್‌ಡಿಚ್ ಎಲ್ಲರ ಮನಸ್ಸಿನಲ್ಲಿದ್ದದ್ದನ್ನು ಬಾಯಿ ಬಿಟ್ಟು ಹೇಳಿದಳು.

"ಆಲ್ವಿನ್‌ದೇ ಇಡೋಣ. ಆ ಹಳೇ ಕಾಲದೋನಿಗೆ ಅಳೋಕೆ ಈಗ ಯಾರಿದಾರೆ?"

"ಯಾರೂ ಇಲ್ಲ ಅಂತಲೇ ಅವನದನ್ನ ಇಡ್ಬೇಕು," ಎಂದರು ಹೆಸ್ಟರ್. "ಚರ್ಚಿನ ದುಡ್ಡಲ್ಲಿ ನನ್ನ ತಮ್ಮನ್ನ ಉಳಿಸ್ಕೊಳ್ಳೋಕೆ ಆಗಲ್ಲ ಡಾಟ್. ಹಾಸಿಗೆ ಇದ್ದಷ್ಟು ಕಾಲು ಚಾಚೋಣ. ಮುಂದಿನ ವಿಷಯ ತಗೊಳ್ಳಿ ಪಾದ್ರಿಯಮ್ಮ."

ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. ಒಂದು ಮಗುವಿನ ಬೂಟಿಗೆ ಜಾಗ ಕೊಡದ ಪ್ರಾಮಾಣಿಕತೆಯನ್ನು ಉಪ್ಪಿನಕಾಯಿ ಹಾಕಿಕೊಳ್ಳಬೇಕೇ ಎಂದುಕೊಂಡು ಲೆಗೆಟ್‌ನನ್ನು ಹಿಡಿದೆ. ತಗಡು ಪೂರ್ತಿ ಬೇಡ ಮಾರಾಯ, ಬೂಟಿನಷ್ಟು ತುಂಡು ಕತ್ತರಿಸಿಡು, ಅಷ್ಟು ಸೀಸದ ಬೆಲೆ ನಾನು ಕೊಡುತ್ತೇನೆ ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಆಗಲೇ ಕತ್ತರಿಸಿ ಇಟ್ಟಿದ್ದೇನೆ, ಬೆಲೆ ಬೇಡ, ಹೆಸ್ಟರ್ ಅವರನ್ನು ಕರೆದುಕೊಂಡು ಬಾ ಎಂದ. ಪುಟ್ಟ ಬೂಟಿನ ತುಂಡು ಹೆಸ್ಟರ್‌ಗೆ ಸಿಗಲಿದೆ ಎಂದು ಊರಲ್ಲಿ ಸುದ್ದಿ ಹಬ್ಬಿತು. ಯಾರೂ ತಪ್ಪೆನ್ನಲಿಲ್ಲ.

ಎರಕದ ದಿನ ಹೆಸ್ಟರನ್ನು ನನ್ನ ಗಾಡಿಯಲ್ಲಿ ಲೆಗೆಟ್‌ನ ಕೆಲಸದ ಕೊಟ್ಟಿಗೆಗೆ ಕರೆದೊಯ್ದೆ. ಒಂದು ದೊಡ್ಡ ಹಂಡೆ, ಕೆಳಗೆ ಉರಿ, ಪಕ್ಕದಲ್ಲಿ ಉದ್ದನೆಯ ಮೇಜಿನ ತುಂಬ ಸಮ ಮಾಡಿದ ಒದ್ದೆ ಮರಳು. ನಮ್ಮ ಚಾವಣಿಯ ತಗಡುಗಳನ್ನು ಸುರುಳಿ ಸುತ್ತಿ ಗೋಡೆಗೆ ಒರಗಿಸಿದ್ದರು. ಅವು ಒಂದೊಂದಾಗಿ ಹಂಡೆಗೆ ಇಳಿದವು. ಲಾಳದ ಬೂಟು ಹೋಯಿತು, ಚೂಪು ಮೂತಿ ಹೋಯಿತು, ನನ್ನದೂ ಹೋಯಿತು. ಮೇಲೆ ಕಟ್ಟಿದ ಬೂದು ಕಸವನ್ನು ಲೆಗೆಟ್ ಸಟ್ಟುಗದಲ್ಲಿ ತೆಗೆದಾಗ ಅಡಿಯಲ್ಲಿ ಕಂಡದ್ದು ಕನ್ನಡಿ. ನೂರಾರು ವರ್ಷ ಮಳೆ ಬಿಸಿಲು ತಿಂದು ಕಪ್ಪಾಗಿದ್ದ ವಸ್ತು ಇದೇನಾ ಎಂದು ನಾನು ಬೆರಗಾಗಿ ನೋಡುತ್ತಾ ನಿಂತೆ.

ಲೆಗೆಟ್ ಬಟ್ಟೆ ಸುತ್ತಿದ್ದ ತುಂಡನ್ನು ತಂದು ಹೆಸ್ಟರ್ ಕೈಗಿಟ್ಟ.

"ಇದು ನಿಮಗೆ ಅಮ್ಮಾ. ತೂಕದಲ್ಲಿ ಯಾರಿಗೂ ಗೊತ್ತಾಗಲ್ಲ. ನೆವಿಲ್ ಬೆಲೆ ಕೊಡ್ತೀನಿ ಅಂತಾನೂ ಅಂದ, ನಾನೇ ಬೇಡ ಅಂದೆ."

ಅವರು ಬಟ್ಟೆ ಬಿಚ್ಚಿದರು. ಹೊಗೆ ತಡೆಯುವ ಮುಖಗವಸು ಹಾಕಿದ್ದರಿಂದ ಕಣ್ಣು ಮಾತ್ರ ಕಾಣುತ್ತಿತ್ತು. ದಪ್ಪ ಕೈಗವಸು ತೆಗೆದು, ಬರಿಗೈಯಲ್ಲಿ ಆ ಬೂಟಿನ ಸುತ್ತ ಹಿಮ್ಮಡಿಯಿಂದ ಒಂದು ಸುತ್ತು ಬೆರಳು ಆಡಿಸಿದರು. ಹೆಬ್ಬೆರಳಿನ ತಿರುವಿನಲ್ಲಿ ಬೆರಳು ನಿಂತಿತು. ಆಮೇಲೆ ಕೈಗವಸು ಹಾಕಿಕೊಂಡು, "ಇದನ್ನ ಹೇಗೆ ಹಾಕ್ಬೇಕು, ತೋರ್ಸು," ಎಂದರು.

"ಹೆಸ್ಟರ್, ಹುಚ್ಚಾ ನಿಮಗೆ?" ಎಂದೆ. "ಎರಡು ಪೌಂಡ್ ಡಬ್ಬಿಗೆ ಹಾಕ್ಬಿಡಿ, ಮುಗೀತು. ನನ್ನ ಮೊಲಕ್ಕೆ ಕೊಟ್ಟ ನ್ಯಾಯ ನಿಮ್ಮ ತಮ್ಮನಿಗೂ ಕೊಡಿ."

ಅವರು ನಕ್ಕರು. ನಕ್ಕಾಗ ಕಣ್ಣಲ್ಲಿ ನೀರು ತುಂಬಿತ್ತು.

"ಕಾಸಿನ ಮಾತಲ್ಲ ಕಣೋ. ಇದನ್ನ ನಾನು ಮನೆಗೆ ತಗೊಂಡ್ಹೋಗಿ ಎಲ್ಲಿಡ್ಲಿ? ಕಿಟಕಿ ಮೇಲೆ ಇಡ್ತೀನಿ. ನಾನು ಇರೋ ತನಕ ಇರುತ್ತೆ. ನಾನು ಹೋದ್ಮೇಲೆ ನನ್ನ ದೊಡ್ಡಪ್ಪನ ಮೊಮ್ಮಗ ಬಂದು ಮನೆ ಖಾಲಿ ಮಾಡ್ತಾನೆ, ಇದೇನೋ ಭಾರವಾಗಿದೆ ಅಂತ ಬಾಗಿಲಿಗೆ ಒತ್ತು ಕೊಡ್ತಾನೆ. ಇವನು ಸತ್ತಾಗ ಅಮ್ಮ ಇವನ ಬಟ್ಟೆ, ಬೂಟು ಎಲ್ಲಾನೂ ಕಪಾಟಲ್ಲಿ ಬೀಗ ಹಾಕಿಟ್ಟಳು. ನುಸಿ ತಿಂತು. ಮೇಲೆ ಚಾವಣೀಲಿ ಬಿಟ್ಟಿದ್ದೊಂದೇ ನೋಡು ಉಳಿದಿದ್ದು. ಇವನು ಅಲ್ಲೇ ಇರ್ಲಿ."

ತೇವ ಇದ್ದರೆ ಸಿಡಿಯುತ್ತದೆ ಎಂದು ಲೆಗೆಟ್ ಆ ತುಂಡನ್ನು ಹಂಡೆಯ ಅಂಚಿನ ಮೇಲಿಟ್ಟು ಕಾಯಿಸಿದ. ಆಮೇಲೆ ಉದ್ದನೆಯ ಇಕ್ಕಳ ಹೆಸ್ಟರ್ ಕೈಗೆ ಕೊಟ್ಟು, ತಾನೂ ಹಿಂದಿನಿಂದ ಹಿಡಿದುಕೊಂಡ. ಅವರು ತುಂಡನ್ನು ಒಳಗೆ ಜಾರಿಸಿದರು. ಒಂದು ಕ್ಷಣ ಅಕ್ಷರಗಳು ಕಂಡವು, ತುಂಡು ಮುಳುಗಿತು, ಮೇಲಿನ ಕನ್ನಡಿ ಮತ್ತೆ ಸಮವಾಯಿತು. ನಾನು ಟೋಪಿ ತೆಗೆದದ್ದು ನನಗೇ ಗೊತ್ತಾಗಲಿಲ್ಲ.

ಹಂಡೆ ಬಾಗಿತು. ಸೀಸ ಮರಳಿನ ಮೇಲೆ ಹರಿಯಿತು, ಇಬ್ಬರು ಆಳುಗಳು ಹಲಗೆ ಹಿಡಿದು ಆ ತುದಿಯಿಂದ ಈ ತುದಿಗೆ ಓಡಿ ಅದನ್ನು ಸಮ ಎಳೆದರು. ನಾವು ಉಸಿರು ಬಿಡುವಷ್ಟರಲ್ಲಿ ಅಲ್ಲಿ ಒಂದು ಹೊಸ ತಗಡು ಮಲಗಿತ್ತು, ಹಾಲಿನ ಕೆನೆಯ ಹಾಗೆ ಬೆಳ್ಳಗೆ.

"ಇದರಲ್ಲಿ ಇದಾನಾ, ಮುಂದಿನದರಲ್ಲಿ ಇದಾನಾ?" ಎಂದು ಹೆಸ್ಟರ್ ಕೇಳಿದರು.

"ಈ ಹಂಡೇಲಿ ಹೊಯ್ದದ್ದರಲ್ಲೆಲ್ಲ ಇದಾನೆ ಅಮ್ಮಾ," ಎಂದ ಲೆಗೆಟ್. "ಕರಗಿದ್ಮೇಲೆ ಬೇರೆ ಮಾಡೋಕೆ ಬರಲ್ಲ."

ತುಂಡು ಹಂಡೆಗೆ ಹೋದದ್ದನ್ನು ನಾನು ಊರಲ್ಲಿ ಯಾರಿಗೂ ಹೇಳಲಿಲ್ಲ.

ಆ ವರ್ಷದ ಸಭೆಯನ್ನು ಮೊದಲ ಬಾರಿಗೆ ಉತ್ತರದ ಪಕ್ಕದಲ್ಲೇ ಇಟ್ಟುಕೊಂಡೆವು. ಹೊರಗೆ ಜೋರು ಮಳೆ. ಬಕೆಟ್ಟುಗಳಿದ್ದ ಜಾಗದಲ್ಲಿ ಕುರ್ಚಿ ಹಾಕಿ ಕೂತಿದ್ದೆವು. ಹೆಸ್ಟರ್ ಕನ್ನಡಕ ಏರಿಸಿಕೊಂಡು ವರ್ಷದ ಲೆಕ್ಕ ಓದಿದರು. ಬಂದದ್ದು ಇಷ್ಟು, ಖರ್ಚು ಇಷ್ಟು. ಇಳಿಸಿದ ಸೀಸ ಕಸ ಕಳೆದು ಪೂರ್ತಿ ಮೇಲೆ ಹೋಗಿದೆ, ಉಳಿಸಿಕೊಂಡ ಒಂದು ತಗಡಿನ ಬದಲಿಗೆ ಹೊಸದು ಕೊಂಡಿದೆ. ಓದಿ ಮುಗಿಸಿ, ಯಾರಾದರೂ ಏನಾದರೂ ಕೇಳುವುದಿದೆಯೇ ಎಂದರು.

ಡಾಟ್ ಕಪಲ್‌ಡಿಚ್‌ಗೆ ತಡೆಯಲಾಗಲಿಲ್ಲ. "ಲೆಕ್ಕದಲ್ಲಿಲ್ಲದ್ದು ಒಂದು ಕೇಳ್ಲಾ ಹೆಸ್ಟರ್? ನಾವ್ಯಾರೂ ತಪ್ಪು ತಿಳ್ಕೊಂಡಿಲ್ಲ, ನೀನು ಮಾಡಿದ್ದು ಸರಿಯಾಗೇ ಇದೆ. ಆ ಪುಟ್ಟ ಬೂಟನ್ನ ಜೋಪಾನವಾಗಿ ಇಟ್ಟಿದ್ದೀಯ ತಾನೆ?"

"ಇಟ್ಟಿದ್ದೀನಿ," ಎಂದರು ಹೆಸ್ಟರ್.

"ಎಲ್ಲಿ?"

ಹೆಸ್ಟರ್ ಕೈಯಲ್ಲಿದ್ದ ಪೆನ್ಸಿಲಿನಿಂದ ಮೇಲೆ ಚಾವಣಿಯನ್ನು ತೋರಿಸಿದರು. ನಾವೆಲ್ಲ ತಲೆ ಎತ್ತಿದೆವು. ಅರ್ಥವಾಗಲು ಡಾಟ್‌ಗೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಹಾಗೇ ಮೇಲೆ ನೋಡುತ್ತಾ ಕೂತಳು. ಮಳೆ ಅಷ್ಟು ಬಿರುಸಾಗಿ ಚಾವಣಿಯ ಮೇಲೆ ಬೀಳುತ್ತಿತ್ತು, ಕೆಳಗೆ ನಾವೆಲ್ಲರೂ ನೆನೆಯದೆ ಬೆಚ್ಚಗೆ ಕೂತಿದ್ದೆವು.