ಐಟಿಸ್ ಮಲಕಾಜಪ್ಪ

ಬನಹಟ್ಟಿಯ ನೇಕಾರ ಶಿವಯೋಗೆಪ್ಪನ ಮೂರನೆಯ ಮಗ ಮಲಕಾಜಪ್ಪನಿಗೆ ಮಗ್ಗ ಒಗ್ಗಲಿಲ್ಲ. ಅವನು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತನೆಂದರೆ ಲಾಳಿ ಓಡಿದರೆ ಎಳೆ ಹರಿಯುತ್ತಿತ್ತು, ಎಳೆ ಉಳಿದರೆ ಲಾಳಿ ನೆಲಕ್ಕೆ ಬೀಳುತ್ತಿತ್ತು. ಬಾಯಿಪಾಠದಲ್ಲಿ ಮಾತ್ರ ಅವನನ್ನು ಹಿಡಿಯುವವರಿರಲಿಲ್ಲ; ಏಳನೆಯ ತರಗತಿಯ ಮುಲ್ಕಿ ಪರೀಕ್ಷೆಯನ್ನು ಒಂದೇ ಏಟಿಗೆ ಪಾಸು ಮಾಡಿದ್ದ. ಕೈ ಬಾರದ ಮಗ ಬಾಯಿಂದಲಾದರೂ ಬದುಕಲಿ ಎಂದು ಶಿವಯೋಗೆಪ್ಪ ಅವನನ್ನು ಜಮಖಂಡಿಗೆ ಕರೆದೊಯ್ದು ಡಾಕ್ಟರ್ ಪಾಂಡುರಂಗರಾಯರ ದವಾಖಾನೆಯಲ್ಲಿ ಬಿಟ್ಟು ಬಂದ. ರಾಜರ ಆಳಿಕೆ ಹೋಗಿ ಮುಂಬಯಿ ಸರಕಾರ ಬಂದು ಆಗ ಮೂರು ವರ್ಷವಾಗಿತ್ತು. ಎರಡು ವರ್ಷ ಡಾಕ್ಟರ ಕೈಕೆಳಗೆ ಕಲಿತು ಬೆಳಗಾವಿಯಲ್ಲಿ ಪರೀಕ್ಷೆಗೆ ಕೂತರೆ ಕಂಪೌಂಡರನ ಸರ್ಟಿಫಿಕೇಟು ಸಿಗುತ್ತದೆಂಬ ಆಸೆ.

ಪಾಂಡುರಂಗರಾಯರು ಪಾಠ ಹೇಳುವುದಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಒಂದು ನೋಟುಬುಕ್ಕನ್ನು ಕೈಗೆ ಕೊಟ್ಟು, "ಇದರಾಗ ರೋಗದ ಹೆಸರು ಅವ, ಔಷಧದ ಗುರುತು ಅವ. ಬಾಯಿಪಾಠ ಮಾಡು. ಉಳಿದದ್ದು ಪದ್ಮವ್ವ ತೋರಸ್ತಾಳ," ಎಂದು ಪೇಪರು ಬಿಡಿಸಿಕೊಂಡರು.

ಪದ್ಮವ್ವ ಹನ್ನೆರಡು ವರ್ಷದಿಂದ ಆ ದವಾಖಾನೆಯಲ್ಲಿದ್ದ ಆಯಾ. ಓದು ಬರಹ ಬಾರದ ವಿಧವೆ. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಸೂಜಿ ಕುದಿಸುವುದು, ಹೆರಿಗೆಗೆ ಬಂದವರ ಸೊಂಟ ಹಿಡಿಯುವುದು ಎಲ್ಲ ಅವಳದೇ. ಮೊದಲನೆಯ ದಿನವೇ ಅವಳು ಮಲಕಾಜಪ್ಪನ ಕೈಗೆ ಥರ್ಮಾಮೀಟರು ಕೊಟ್ಟು, "ಝಾಡಸಿ ಪಾರಾ ಕೆಳಗ ಇಳಸು, ಬಗಲಾಗ ಇಡು. ಬಾಣದ ಗುರುತು ದಾಟಿದ ಮ್ಯಾಲೆ ಎಷ್ಟು ಗೆರಿ ಏರೇತಿ ಎಣಸು," ಎಂದಳು. ಮಲಕಾಜಪ್ಪ ಝಾಡಿಸಿದ. ಥರ್ಮಾಮೀಟರು ಗೋಡೆಗೆ ಬಡಿದು ಚೂರಾಯಿತು. ಅಂದಿನಿಂದ ಅವನು ಆ ಕಡೆ ಕೈ ಚಾಚದೆ ನೋಟುಬುಕ್ಕನ್ನೇ ಹಿಡಿದ.

ನೋಟುಬುಕ್ಕಿನಲ್ಲಿ ಅವನು ಹುಲಿಯೇ ಆದ. ಡಾಕ್ಟರು ಚೀಟಿಯ ಮೇಲೆ ಗೀಚುತ್ತಿದ್ದ ಗುರುತುಗಳಿಗೆಲ್ಲ ತನ್ನದೇ ಅರ್ಥ ಕಟ್ಟಿಕೊಂಡ. ಬಿ.ಡಿ. ಎಂದರೆ ದಿನಕ್ಕೆರಡು ಸಲ. ಅವನ ಪಾಲಿಗೆ ಬೆಳಗು-ದೀಪ, ಬೆಳಗಾದಾಗ ಒಮ್ಮೆ, ದೀಪ ಹಚ್ಚುವಾಗ ಒಮ್ಮೆ. ಟಿ.ಡಿ.ಎಸ್. ಎಂದರೆ ಮೂರು ಸಲ. ಅದು ತ್ರಿಕಾಲ ದಿನಾ ಸೇವನ. ಎಚ್.ಎಸ್. ಮಲಗುವಾಗ, ಅಂದರೆ ಹಾಸಿಗಿ ಸಮಯ. ಎಸ್.ಒ.ಎಸ್. ಬೇಕಾದಾಗ ಮಾತ್ರ, ಅಂದರೆ ಸಂಕಟ ಒದಗಿದ ಸಮಯ. ಇದನ್ನು ಕೇಳಿ ಡಾಕ್ಟರೇ ನಕ್ಕು ತಲೆದೂಗಿದರು. ಬುದ್ಧಿ ಇಲ್ಲದವನಲ್ಲ ಅವನು. ಬುದ್ಧಿ ಕೊರಳಿನಿಂದ ಕೆಳಗೆ ಇಳಿದಿರಲಿಲ್ಲ, ಅಷ್ಟೇ.

ಅವನಿಗೆ ಎಲ್ಲಕ್ಕಿಂತ ಹಿಡಿಸಿದ್ದು 'ಐಟಿಸ್' ಎಂಬ ಬಾಲ. ಯಾವ ಅಂಗದ ಹೆಸರಿಗೆ ಅದನ್ನು ಹಚ್ಚಿದರೂ ಆ ಅಂಗಕ್ಕೆ ಉರಿಬಾವು ಬಂದಿದೆ ಎಂದರ್ಥ. ಟಾನ್ಸಿಲ್ಲಿಗೆ ಹಚ್ಚಿದರೆ ಟಾನ್ಸಿಲೈಟಿಸ್, ಕೀಲಿಗೆ ಹಚ್ಚಿದರೆ ಆರ್ಥ್ರೈಟಿಸ್. ರವಿವಾರ ಬನಹಟ್ಟಿಗೆ ಹೋದಾಗ ಅವನು ಕಟ್ಟೆಯ ಮೇಲೆ ಕೂತು ಇವನ್ನು ಪುಗಸಟ್ಟೆ ಹಂಚತೊಡಗಿದ. ಇಷ್ಟು ದಿನ ಬರೀ ಮೊಣಕಾಲು ನೋವಿನಿಂದ ನರಳುತ್ತಿದ್ದ ಮುದುಕರು ಆರ್ಥ್ರೈಟಿಸ್ ಇಟ್ಟುಕೊಂಡು ಎದೆ ಸೆಟೆಸಿ ಕುಂಟತೊಡಗಿದರು. ನೂಲಿನ ಧೂಳಿಗೆ ಕೆಮ್ಮುತ್ತಿದ್ದ ರಾಚಪ್ಪನಿಗೆ ಬ್ರಾಂಕೈಟಿಸ್ ಸಿಕ್ಕ ದಿನ ಅವನು ಮನೆಯಲ್ಲಿ ಹೋಳಿಗೆ ಮಾಡಿಸಿದ. ತುರಿಕೆಯವನೊಬ್ಬನಿಗೆ ಪ್ರುರೈಟಿಸ್ ಎಂದು ಹೇಳಿ ಕಳಿಸಿದ್ದನ್ನು ಕೇಳಿ ಪಾಂಡುರಂಗರಾಯರು, "ಅದು ಐಟಿಸ್ ಅಲ್ಲೋ ಮಾರಾಯಾ, ಪ್ರುರೈಟಸ್. ಬರೇ ತುರಿಕಿ. ಅದಕ್ಕೂ ಉರಿಬಾವಿಗೂ ಸಂಬಂಧ ಇಲ್ಲ," ಎಂದು ತಿದ್ದಿದರು. ತುರಿಸಿಕೊಳ್ಳುವವನಿಗೆ ಅದರಿಂದ ಯಾವ ವ್ಯತ್ಯಾಸವೂ ಆಗಲಿಲ್ಲ.

ಪದ್ಮವ್ವ ಮಾತ್ರ ಅವನನ್ನು ಕಂಡಾಗಲೆಲ್ಲ, "ಏನ ತಮ್ಮಾ, ನಿನ್ನ ಬಾಯೈಟಿಸ್ ಹೆಂಗೈತಿ?" ಎಂದು ಕೇಳುತ್ತಿದ್ದಳು.

ರಬಕವಿಯಲ್ಲಿ ಗಿರಮಲ್ಲಪ್ಪ ಎಂಬ ಸೀರೆ ವ್ಯಾಪಾರಿ. ರಾಚಪ್ಪನ ಷಡ್ಡಕ. ರಾಚಪ್ಪನಿಗೆ ಬ್ರಾಂಕೈಟಿಸ್ ಆದ ಸುದ್ದಿ ತಿಳಿದ ಮೇಲೆ ಅವನಿಗೆ ಊಟ ರುಚಿಸಲಿಲ್ಲ. ಮಲಕಾಜಪ್ಪನನ್ನು ಅಂಗಡಿಗೆ ಕರೆಸಿ, ಗಾದಿಯ ಮೇಲೆ ಕೂರಿಸಿ, ಚಹಾ ಕುಡಿಸಿ, "ಊಟ ಆದ ಮ್ಯಾಲೆ ತೇಗ ಬರತಾವ. ಇದಕ್ಕೇನಾದರೂ ಹೆಸರೈತೇನಪಾ?" ಎಂದು ಕೇಳಿದ.

"ಗ್ಯಾಸ್ಟ್ರೈಟಿಸ್ ರೀ," ಎಂದ ಮಲಕಾಜಪ್ಪ.

"ರಾಚಪ್ಪಂದಕಿಂತ ದೊಡ್ಡದು?"

"ಅವರದು ಎದಿ ಒಳಗಿನ ನಳಿಗೀದು. ನಿಮ್ಮದು ಹೊಟ್ಟೀದು. ಹೊಟ್ಟಿ ದೊಡ್ಡದಲ್ರೀ?"

ಗಿರಮಲ್ಲಪ್ಪನ ಮುಖ ಅರಳಿತು. ಮುಂದಿನ ತಿಂಗಳೇ ಅವನು ಮಗಳು ಶೇವಂತಿಯನ್ನು ಮಲಕಾಜಪ್ಪನಿಗೆ ಗೊತ್ತುಮಾಡಿದ. ಅರ್ಧ ಡಾಕ್ಟರನೇ ತನಗೆ ಅಳಿಯನಾಗುತ್ತಾನೆಂದು ಊರೆಲ್ಲ ಸಾರಿದ. ಹೆಂಡತಿ ಗುರುಬಾಯಿ, "ಉಳಿದರ್ಧ ಯಾವಾಗ ಆಗತಾನಂತ?" ಎಂದು ಕೇಳಿದಳು.

ಮದುವೆಗೆ ಇನ್ನು ಎರಡು ತಿಂಗಳಿರುವಾಗ, ಒಂದು ಮಂಗಳವಾರ ಬೆಳಿಗ್ಗೆ, ನೂಲು ತರುವ ಲಾರಿಯೊಂದು ದವಾಖಾನೆಯ ಮುಂದೆ ಬಂದು ನಿಂತಿತು. ಹಿಂದೆ ಹಾಸಿದ ಗೋಣಿಚೀಲಗಳ ಮೇಲೆ ಗಿರಮಲ್ಲಪ್ಪ ಕಾಲು ಮಡಚಿಕೊಂಡು ಮಲಗಿದ್ದ. ಜೊತೆಗೆ ಗುರುಬಾಯಿ, ಶೇವಂತಿ, ಮತ್ತು ಏನಾಗುತ್ತದೋ ನೋಡೋಣವೆಂದು ಹತ್ತಿಕೊಂಡ ನಾಲ್ಕು ಮಂದಿ ನೆರೆಯವರು. ನೆರೆಯವರು ಅವನನ್ನು ಹೊತ್ತು ತಂದು ದವಾಖಾನೆಯ ಹಾಸಿಗೆಯ ಮೇಲೆ ಮಲಗಿಸಿದರು. ಪಾಂಡುರಂಗರಾಯರು ಇರಲಿಲ್ಲ. ಮುಧೋಳದ ಶ್ರೀಮಂತರೊಬ್ಬರ ಬೇಟೆನಾಯಿಗೆ ಪಾದದಲ್ಲಿ ಮುಳ್ಳು ಮುರಿದಿದೆಯೆಂದು ಮುಂಜಾನೆಯೇ ಕಾರು ಬಂದು ಕರೆದೊಯ್ದಿತ್ತು.

ಕುರ್ಚಿ ಖಾಲಿ ಇತ್ತು. ಕುರ್ಚಿ ಖಾಲಿ ಇದ್ದರೆ ಕೂರಬೇಕೆನಿಸುವುದು ಮನುಷ್ಯ ಸ್ವಭಾವ. ಮಲಕಾಜಪ್ಪ ಕೂತ. ಭಾವೀ ಹೆಂಡತಿ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು. ಅವಳಿಗೆ ಕೇಳಲೆಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದ:

"ಅಕ್ಯೂಟ್ ಗ್ಯಾಸ್ಟ್ರೈಟಿಸ್!"

ನೆರೆಯವರು ಒಬ್ಬರ ಮುಖ ಒಬ್ಬರು ನೋಡಿ ತಲೆದೂಗಿದರು. ನೋವಿನಲ್ಲಿ ಒದ್ದಾಡುತ್ತಿದ್ದ ಗಿರಮಲ್ಲಪ್ಪ ಕೂಡ, "ಅಕ್ಯೂಟ್... ಅದು ಹೊಸಾದೇನಪಾ?" ಎಂದ.

"ಜೋರಾಗೇತಿ ಅಂತ ಅರ್ಥ ರೀ. ಹೊಟ್ಟಿ ಸಾಫ್ ಆದ್ರ ಎಲ್ಲಾ ಇಳೀತೈತಿ," ಎಂದು ಮಲಕಾಜಪ್ಪ ಎದ್ದು ಔಡಲೆಣ್ಣೆಯ ಬಾಟಲಿ ತೆಗೆದು ಗ್ಲಾಸಿಗೆ ಸುರಿಯತೊಡಗಿದ.

ಒಳಗೆ ಸೂಜಿ ಕುದಿಸುತ್ತಿದ್ದ ಪದ್ಮವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. ಅವನ ಕಡೆ ನೋಡಲಿಲ್ಲ. ಸೀದಾ ಗಿರಮಲ್ಲಪ್ಪನ ಪಕ್ಕದಲ್ಲಿ ಕೂತಳು.

"ಯಪ್ಪಾ, ನೋವ ಮೊದಲ ಎಲ್ಲಿ ಚಾಲೂ ಆತು?"

"ಹೊಕ್ಕಳದ ಸುತ್ತ. ನಿನ್ನೆ ಮಧ್ಯಾಹ್ನ."

"ಈಗ ಎಲ್ಲೈತಿ? ಒಂದ ಬೆರಳಿಲೆ ತೋರಸ್ರಿ."

ಅವನು ಬಲಗಡೆ, ಹೊಕ್ಕಳಕ್ಕೂ ಸೊಂಟದ ಎಲುಬಿಗೂ ನಡುವೆ ಬೆರಳಿಟ್ಟ.

"ವಾಂತಿ ಆಗೇತಿ?"

"ಎರಡ ಸಲ," ಎಂದಳು ಗುರುಬಾಯಿ. "ನೋವ ಬಂದ ಮ್ಯಾಲೆ."

"ಒಮ್ಮೆ ಕೆಮ್ಮರಿ ನೋಡೂಣು."

ಗಿರಮಲ್ಲಪ್ಪ ಕೆಮ್ಮಿದ, ಕೆಮ್ಮಿದ ಕೂಡಲೆ ಬಲಹೊಟ್ಟೆ ಹಿಡಿದುಕೊಂಡು ಚೀರಿದ. ಪದ್ಮವ್ವ ಥರ್ಮಾಮೀಟರು ಝಾಡಿಸಿ ಬಗಲಲ್ಲಿಟ್ಟಳು. ಕೈ ಹಿಡಿದು ಗೋಡೆಯ ಗಡಿಯಾರ ನೋಡುತ್ತ ತುಟಿಯೊಳಗೇ ನಾಡಿ ಎಣಿಸಿದಳು. ನೂರಾ ಹದಿನಾರು. ಜ್ವರ ನೂರಾ ಒಂದರ ಹತ್ತಿರ.

"ಎಣ್ಣಿ ಕೆಳಗ ಇಡು," ಎಂದಳು.

ಮಲಕಾಜಪ್ಪನ ಕಿವಿ ಬಿಸಿಯಾಯಿತು. ಹೆಣ್ಣಿನ ಕಡೆಯವರ ಮುಂದೆ, ಸಹಿಯ ಬದಲು ಹೆಬ್ಬೆಟ್ಟು ಒತ್ತುವ ಆಯಾ ಅವನಿಗೆ ಹುಕುಂ ಕೊಡುತ್ತಿದ್ದಾಳೆ! "ನೀ ಒಳಗ ಹೋಗಬೇ ಪದ್ಮವ್ವ. ಇದು ಹೊಟ್ಟಿ ಉರಿಬಾವು. ನನಗ ಗೊತ್ತೈತಿ."

"ಗೊತ್ತಿದ್ರ ಹೇಳು, ಬಾವು ಹೊಟ್ಟಿ ಯಾವ ಮೂಲ್ಯಾಗ ಐತಿ?"

ಅವನು ಗ್ಲಾಸಿಗೆ ಇನ್ನಷ್ಟು ಎಣ್ಣೆ ಸುರಿದ. ಆಗ ಬಾಗಿಲ ಬಳಿಯಿಂದ ಶೇವಂತಿಯ ದನಿ ಕೇಳಿತು. ಗೊತ್ತಾದ ಗಂಡನ ಜೊತೆ ನೇರ ಮಾತಾಡುವ ರೂಢಿ ಇರಲಿಲ್ಲವಾದ್ದರಿಂದ ಅವಳು ತಾಯಿಗೆ ಕೇಳಿದಳು: "ಅವ್ವಾ, ಇವರು ಅಪ್ಪನ ಹೊಟ್ಟಿ ಮುಟ್ಟಿ ನೋಡ್ಯಾರೇನ ಕೇಳಬೇ."

ಗುರುಬಾಯಿ ಕೇಳುವ ಅಗತ್ಯ ಬೀಳಲಿಲ್ಲ. ಕೋಣೆಯಲ್ಲಿದ್ದವರೆಲ್ಲ ಅವನ ಕೈಯನ್ನೇ ನೋಡಿದರು. ಒಂದರಲ್ಲಿ ಬಾಟಲಿ, ಒಂದರಲ್ಲಿ ಗ್ಲಾಸು.

ಮಲಕಾಜಪ್ಪ ಎರಡನ್ನೂ ಮೇಜಿನ ಮೇಲಿಟ್ಟು ಬಂದು ಬಾಗಿದ. ಎರಡು ವರ್ಷದಲ್ಲಿ ಅವನು ಒಬ್ಬ ರೋಗಿಯ ಹೊಟ್ಟೆಯ ಮೇಲೆ ಕೈಯಿಟ್ಟದ್ದು ಅದೇ ಮೊದಲು. ಎಡಗಡೆ ಮೆತ್ತಗಿತ್ತು. ಬಲಗಡೆ ಹಲಗೆಯಂತೆ ಸೆಟೆದಿತ್ತು. ಮೆಲ್ಲಗೆ ಒತ್ತಿ ಥಟ್ಟನೆ ಕೈ ಎತ್ತಿದ್ದೇ ತಡ, ಗಿರಮಲ್ಲಪ್ಪ ಹಾಸಿಗೆಯಿಂದ ಅರ್ಧ ಎದ್ದು, "ಸತ್ನೋ ಯವ್ವಾ!" ಎಂದು ಕೂಗಿದ. ಮಲಕಾಜಪ್ಪ ಹಿಂದಕ್ಕೆ ಸರಿದ. ನೋಟುಬುಕ್ಕಿನ ಹನ್ನೊಂದನೆಯ ಪುಟ ಕಣ್ಣ ಮುಂದೆ ಬಂತು. ಅಪೆಂಡಿಸೈಟಿಸ್. ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದು, ಸ್ಪೆಲ್ಲಿಂಗು ತಪ್ಪಿಲ್ಲದೆ ಐವತ್ತು ಸಲ ಬರೆದಿದ್ದ. ಆ ಶಬ್ದ ಮನುಷ್ಯನ ಹೊಟ್ಟೆಯಲ್ಲಿ ಈ ರೀತಿ ಇರುತ್ತದೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಪದ್ಮಕ್ಕಾ, ಏನ ಮಾಡೂದು?" ಎಂದ. ಅವಳನ್ನು ಅಕ್ಕ ಎಂದದ್ದೂ ಅದೇ ಮೊದಲು.

"ಇಂಥಾ ಹೊಟ್ಟಿ ಎರಡು ನೋಡೇನಿ ನಾ. ಒಬ್ಬಾಂವಗ ಮನ್ಯಾಗ ಜುಲಾಬು ಕೊಟ್ಟು ಕರಕೊಂಡ ಬಂದಿದ್ರು. ಒಳಗ ಒಡದು ಮೂರನೇ ದಿನಕ್ಕ ಸತ್ತ. ಇನ್ನೊಬ್ಬನ್ನ ಲಗೂನ ಮಿರಜಿಗೆ ಒಯ್ದರು, ಕೊಯ್ದು ತಗದ್ರು, ಇನ್ನೂ ಅದಾನ. ಬಾಯಿಗೆ ಒಂದ ಹನಿ ನೀರ ಸುದ್ದಾ ಹಾಕಬ್ಯಾಡ್ರಿ. ಮೊದಲ ಲಾರಿ ತಿರಗಸ್ರಿ."

ಮಲಕಾಜಪ್ಪ ಚೀಟಿ ಬರೆದ. ಪದ್ಮವ್ವ ಹೇಳಿದಂತೆ ಬರೆದ: ನೋವು ಶುರುವಾದ ಹೊತ್ತು, ಈಗಿರುವ ಜಾಗ, ವಾಂತಿ ಎಷ್ಟು, ನಾಡಿ ಎಷ್ಟು, ಜ್ವರ ಎಷ್ಟು, ಜುಲಾಬು ಕೊಟ್ಟಿಲ್ಲ. ಐಟಿಸ್ ಎಂಬ ಬಾಲ ಅದರಲ್ಲಿ ಒಂದೇ ಕಡೆ ಇತ್ತು, ಅದೂ ಪ್ರಶ್ನೆಯ ಚಿಹ್ನೆಯ ಸಮೇತ. ಅವನೂ ಲಾರಿ ಹತ್ತಿದ. ಲಾರಿ ಬಂದ ದಾರಿಯಲ್ಲೇ ಹಿಂದಿರುಗಿ, ಗಿರಮಲ್ಲಪ್ಪನ ಅಂಗಡಿಯ ಮುಂದೆಯೇ ಹಾದು, ತೇರದಾಳ ದಾಟಿ ಮಿರಜಿನ ರೈಲು ಹಿಡಿಯಲು ಕುಡಚಿ ಸ್ಟೇಶನ್ನು ಮುಟ್ಟಿತು. ರೈಲು ಕೃಷ್ಣೆಯ ಸೇತುವೆ ದಾಟುವಾಗ ಗಿರಮಲ್ಲಪ್ಪ ಕ್ಷೀಣ ದನಿಯಲ್ಲಿ, "ಈಗಿಂದಕ್ಕ ಏನ ಹೆಸರಪಾ?" ಎಂದು ಕೇಳಿದ. ಮಲಕಾಜಪ್ಪ ಅವನ ನಾಡಿ ಹಿಡಿದು ಎಣಿಸುತ್ತಿದ್ದ. "ಸುಮ್ನಿರ್ರಿ ಮಾವಾ, ಲೆಕ್ಕ ತಪ್ಪತೈತಿ," ಎಂದ.

ಮಿರಜಿನ ದೊಡ್ಡ ದವಾಖಾನೆಯ ಸರ್ಜನ್ ಚೀಟಿ ಓದಿ, ಹೊಟ್ಟೆ ಮುಟ್ಟಿ, ಅದೇ ಸಂಜೆ ಕೊಯ್ದ. ಹೊರಗೆ ಬಂದು ಮರಾಠಿಯಲ್ಲಿ, "ಔಡಲೆಣ್ಣೆ ಕುಡಿಸಿದ್ದರೆ ನೀವು ಇಲ್ಲಿತನಕ ಬರುವ ತೊಂದರೆ ತೆಗೆದುಕೊಳ್ಳಬೇಕಾಗಿರಲಿಲ್ಲ," ಎಂದ. ಮಲಕಾಜಪ್ಪ ಹೊರಗಿನ ಬೇವಿನ ಮರದ ಕೆಳಗೆ ಕೂತು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಅತ್ತ.

ಹದಿನೈದು ದಿನದ ಮೇಲೆ ಗಿರಮಲ್ಲಪ್ಪ ರಬಕವಿಗೆ ಮರಳಿದ. ಹೊಟ್ಟೆಯ ಮೇಲೆ ನಾಲ್ಕು ಬೆರಳಗಲದ ಹೊಲಿಗೆಯ ಗುರುತು, ಬಾಯಲ್ಲಿ ಅಪೆಂಡಿಸೈಟಿಸ್. ಅಂಗಿ ಎತ್ತಿ ತೋರಿಸಿದ ಮೇಲೆ ರಾಚಪ್ಪನ ಬ್ರಾಂಕೈಟಿಸ್ಸನ್ನು ಕೇಳುವವರಿಲ್ಲದಂತಾಯಿತು. "ನಮ್ಮ ಅಳಿಯ ಮುಟ್ಟಿದ ಕೂಡಲೇ ಹಿಡದ," ಎಂದು ಗಿರಮಲ್ಲಪ್ಪ ಅಂಗಡಿಗೆ ಬಂದವರಿಗೆಲ್ಲ ಹೇಳಿದ. ಪಾಂಡುರಂಗರಾಯರು, "ನಾ ಮುಧೋಳದಾಗ ಇದ್ದರೂ ನನ್ನ ತರಬೇತಿ ಇಲ್ಲಿ ಇತ್ತಲ್ಲಾ," ಎಂದರು. ಊರವರು ಸಭೆ ಸೇರಿಸಿ ಮಲಕಾಜಪ್ಪನಿಗೆ ಹಾರ ಹಾಕಿದರು.

ಹಾರ ಹಾಕಿಸಿಕೊಂಡು ಅವನು ಎದ್ದು ನಿಂತ. "ಇದು ನಾ ಹಿಡದದ್ದಲ್ರೀ. ನಾ ಔಡಲೆಣ್ಣಿ ಕುಡಸಾಕ ಹೊಂಟಿದ್ದೆ. ಪದ್ಮವ್ವ ತಡದ್ಲು," ಎಂದ. ಹಿಂದಿನಿಂದ ಯಾರೋ, "ನೋಡ್ರೀ, ಎಷ್ಟು ಕಲತಾನ, ಎಷ್ಟು ವಿನಯ!" ಎಂದರು. ಚಪ್ಪಾಳೆ ಬಿತ್ತು. ಇನ್ನೊಂದು ಹಾರ ಬಿತ್ತು. ಪದ್ಮವ್ವನಿಗೆ ಗುರುಬಾಯಿ ಒಂದು ತೆಂಗಿನಕಾಯಿ ಮತ್ತು ಇಳಕಲ್ಲ ಸೀರೆ ಕಳಿಸಿದಳು. ಸಭೆಗೆ ಕರೆಯುವುದು ಯಾರಿಗೂ ಹೊಳೆದಿರಲಿಲ್ಲ.

ಆ ದಿನದಿಂದ ಅವನು ಪದ್ಮವ್ವನ ಬೆನ್ನು ಬಿಡಲಿಲ್ಲ. ಮತ್ತೆರಡು ಥರ್ಮಾಮೀಟರು ಒಡೆದು ಮೂರನೆಯದರಲ್ಲಿ ಝಾಡಿಸುವುದನ್ನು ಕಲಿತ. ನಾಡಿಯ ಜೊತೆಗೆ ಉಸಿರನ್ನು ಎಣಿಸುವುದು, ಎಣಿಸುವುದು ರೋಗಿಗೆ ಗೊತ್ತಾಗದ ಹಾಗೆ ಎಣಿಸುವುದು, ಕೀವು ತುಂಬಿದ ಗಾಯದ ವಾಸನೆಗೆ ಮುಖ ತಿರುಗಿಸದೆ ಪಟ್ಟಿ ಬಿಚ್ಚುವುದು, ಮಕ್ಕಳ ನಾಲಗೆ ಒಣಗಿದೆಯೋ ಎಂದು ನೋಡುವುದು. ಬೆಳಗಾವಿಯ ಪರೀಕ್ಷೆಯಲ್ಲಿ, "ರೋಗಿ ಬಂದ ಕೂಡಲೆ ಮೊದಲು ಏನು ಮಾಡುತ್ತೀ?" ಎಂದು ಕೇಳಿದಾಗ, "ಕೈ ತೊಳೀತೇನ್ರಿ, ಆಮ್ಯಾಲೆ ಎಲ್ಲಿ ನೋಯ್ತೈತಿ ಅಂತ ಕೇಳತೇನ್ರಿ," ಎಂದ. ಪರೀಕ್ಷಕರಿಗೆ ಅದು ಅತಿ ಸಾಧಾರಣವೆನಿಸಿತು. ಮೂರನೆಯ ದರ್ಜೆ ಕೊಟ್ಟರು. ಅದೇ ಪರೀಕ್ಷೆಗೆ ಪದ್ಮವ್ವನನ್ನೂ ಕೂರಿಸಬಹುದೇ ಎಂದು ಅವನು ಕೇಳಿದ್ದಕ್ಕೆ ಗುಮಾಸ್ತ ತನ್ನ ಜೊತೆಯವರನ್ನೂ ಕರೆದು ಆ ಮಾತನ್ನು ಇನ್ನೊಮ್ಮೆ ಹೇಳಿಸಿ ನಕ್ಕ.

ಮದುವೆಯಾಯಿತು. ಮಲಕಾಜಪ್ಪ ಬನಹಟ್ಟಿಯಲ್ಲೊಂದು ಸಣ್ಣ ಕೋಣೆ ಹಿಡಿದು ವಾರಕ್ಕೆರಡು ದಿನ ಗಾಯ ಕಟ್ಟುವುದು, ಸೂಜಿ ಹಾಕುವುದು ಮಾಡತೊಡಗಿದ. ಹೊಟ್ಟೆನೋವೆಂದು ಬಂದವರನ್ನು ಮಲಗಿಸಿ ಮುಟ್ಟಿ ನೋಡುತ್ತಿದ್ದ. ಗೊತ್ತಾಗದಿದ್ದರೆ "ನನಗ ಗೊತ್ತಾಗವಲ್ದು, ಡಾಕ್ಟರ ಕಡೆ ಹೋಗ್ರಿ," ಎನ್ನುತ್ತಿದ್ದ. ಜನರಿಗೆ ಇದು ಸರಿಬರಲಿಲ್ಲ.

"ಮೊದಲ ಎಷ್ಟು ಶಾಣ್ಯಾ ಇದ್ದ," ಎಂದು ಕಟ್ಟೆಯ ಮೇಲೆ ಮುದುಕರು ಮರುಗಿದರು. "ನೋಡಿದ ಕೂಡಲೆ ಹೆಸರ ಹೇಳತಿದ್ದ. ಸರ್ಟಿಫಿಕೇಟ ಬಂದ ಮ್ಯಾಲೆ ಎಲ್ಲಾ ಮರತಾನ. ಎಲ್ಲಿ ನೋಯ್ತೈತಿ ಅಂತ ನಮ್ಮನ್ನ ಕೇಳತಾನ!"

ಆ ವರ್ಷವೇ ಬೀಳಗಿಯಿಂದ ಒಬ್ಬ ಹೊಸಬ ಬಂದು ಪೇಟೆಯಲ್ಲಿ ಡಾಕ್ಟರನೆಂದು ಬೋರ್ಡು ಹಾಕಿದ. ಅವನ ಬಳಿ ರೋಗಗಳಿಗೆ ಹಚ್ಚಲು 'ಓಸಿಸ್' ಎಂಬ ಬೇರೊಂದು ಬಾಲವಿತ್ತು. ಗಿರಮಲ್ಲಪ್ಪ ಮೊದಲನೆಯ ದಿನವೇ ಹೋಗಿ ಬಾಗಿಲಲ್ಲಿ ಕೂತ.